ರೊಟ್ಟಿ ಬಡಿಯುವಷ್ಟು ಹೊತ್ತು

ನಮ್ಮ ಕೂಸಿಗೆ ಎರಡು ತಿಂಗಳು ತುಂಬಿದಾಗ ಬೆಂಗಳೂರಿನಿಂದ ಬಂದ ನನ್ನ ತಮ್ಮ ಒಂದು ಬೌನ್ಸರ್ ತಂದುಕೊಟ್ಟ. ಬಾಗಿದ ಕಂಬಿಗಳ ಮೇಲೆ ಬಟ್ಟೆ ಬಿಗಿದು, ಸೊಂಟಕ್ಕೂ ಕಾಲ ಸಂದಿಗೂ ಪಟ್ಟಿ ಹಾಕುವಂತೆ ಮಾಡಿದ ಒರಗು ಕುರ್ಚಿಯದು. ಕೂಸು ಕಾಲು ಝಾಡಿಸಿದಂತೆಲ್ಲ ಮೆಲ್ಲಗೆ ಕುಣಿಯುತ್ತದೆ. ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಇದ್ದದ್ದು ಅತ್ತೆಯವರ ಹಳೆಯ ನೂಲಿನ ಸೀರೆಯ ಜೋಲಿ ಮಾತ್ರ. ಬೌನ್ಸರ್ ಬಂದ ಮೊದಲ ವಾರದಲ್ಲಿಯೇ ನನಗೆ ಅದು ದೇವರು ಕೊಟ್ಟ ಕೈಯಂತೆ ಕಂಡಿತು. ಅಡುಗೆಮನೆಯ ಬಾಗಿಲಲ್ಲಿ, ಒಲೆಯಿಂದ ದೂರಕ್ಕೆ ನೆಲದ ಮೇಲೆ ಇಟ್ಟು ಕೂಸನ್ನು ಕೂರಿಸಿದರೆ, ನಾನು ಹತ್ತು ಜೋಳದ ರೊಟ್ಟಿ ಬಡಿಯುವವರೆಗೂ ಅದು ನನ್ನ ಕೈಯ ಸದ್ದು ಕೇಳುತ್ತ, ನನ್ನನ್ನೇ ನೋಡುತ್ತ ಇರುತ್ತಿತ್ತು.

ಆ ಹೊತ್ತು ತಿಳಿಯದಂತೆ ಬೆಳೆಯಿತು. ರೊಟ್ಟಿ ಮುಗಿದ ಮೇಲೆ ಪಾತ್ರೆ, ಪಾತ್ರೆಯಾದ ಮೇಲೆ ಬಟ್ಟೆ ಎಂದು ಕೂಸು ಅದರಲ್ಲಿಯೇ ಉಳಿಯತೊಡಗಿತು. ಒಂದು ಮಧ್ಯಾಹ್ನ ಬಟ್ಟೆ ಒಣಹಾಕಿ ಬಂದು ನೋಡುತ್ತೇನೆ, ಕೂಸಿಗೆ ಅಲ್ಲಿಯೇ ನಿದ್ದೆ ಹತ್ತಿದೆ, ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ಒತ್ತಿಕೊಂಡಿದೆ, ಉಸಿರು ಗೊರಗೊರ ಎನ್ನುತ್ತಿದೆ. ಎತ್ತಿಕೊಂಡ ತಕ್ಷಣ ಉಸಿರು ತಿಳಿಯಾಯಿತು, ಕೂಸಿಗೆ ಏನೂ ಆಗಲಿಲ್ಲ. ನನ್ನ ಕೈ ಮಾತ್ರ ಬಹಳ ಹೊತ್ತು ನಡುಗುತ್ತಿತ್ತು.

ಮರುವಾರ ಹದಿನಾಲ್ಕು ವಾರದ ಚುಚ್ಚುಮದ್ದಿಗೆ ಹೋದಾಗ ಮಕ್ಕಳ ಡಾಕ್ಟರನ್ನು ಕೇಳಿದೆ. ಅವರು ಬೌನ್ಸರನ್ನು ಬಿಸಾಕಿರಿ ಎನ್ನಲಿಲ್ಲ. ಎಚ್ಚರವಿದ್ದಾಗ ಸ್ವಲ್ಪ ಹೊತ್ತು ಕೂರಿಸಿ, ನಿದ್ದೆ ಬಂದರೆ ಎತ್ತಿ ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ಉಳಿದ ಹೊತ್ತು ನೆಲಕ್ಕೆ ಬಿಡಿ ಎಂದರು. ಆಮೇಲೆ ನಾನು ಓದಿ ತಿಳಿದದ್ದೆಲ್ಲ ಈ ಮೂರು ಮಾತುಗಳ ವಿವರವೇ ಆಗಿತ್ತು.

ಎಳೆಯ ಕೂಸಿನ ತಲೆ ಅದರ ಮೈಯ ಉದ್ದದಲ್ಲಿ ಸುಮಾರು ಕಾಲು ಭಾಗದಷ್ಟಿರುತ್ತದೆ. ಅಷ್ಟು ಭಾರವನ್ನು ಹೊರುವ ಕತ್ತು ಗಟ್ಟಿಯಾಗಿ ನಿಲ್ಲುವುದಕ್ಕೆ ಮೂರು ನಾಲ್ಕು ತಿಂಗಳು ಬೇಕು. ಒರಗಿ ಕುಳಿತಲ್ಲಿ ನಿದ್ದೆ ಬಂದರೆ ಸ್ನಾಯುಗಳು ಸಡಿಲವಾಗಿ ತಲೆ ಮುಂದಕ್ಕೆ ಬೀಳುತ್ತದೆ, ಇನ್ನೂ ಮೆತ್ತಗೂ ಕಿರಿದಾಗಿಯೂ ಇರುವ ಶ್ವಾಸನಾಳ ಮಡಚಿಕೊಳ್ಳುತ್ತದೆ. ದೊಡ್ಡವರಾದರೆ ಉಸಿರು ಕಟ್ಟಿದಾಗ ಎಚ್ಚೆತ್ತು ತಲೆ ಎತ್ತುತ್ತಾರೆ, ಕೂಸಿಗೆ ಆ ಶಕ್ತಿ ಇರುವುದಿಲ್ಲ. ಅದು ಅಳುವುದೂ ಇಲ್ಲ, ಆದ್ದರಿಂದ ಪಕ್ಕದಲ್ಲಿದ್ದವರಿಗೂ ತಿಳಿಯುವುದಿಲ್ಲ. ಅಮೆರಿಕದಲ್ಲಿ 2019ರ ಏಪ್ರಿಲ್‌ನಲ್ಲಿ ಫಿಶರ್-ಪ್ರೈಸ್ ಕಂಪನಿಯ ಒರಗು ತೊಟ್ಟಿಲುಗಳನ್ನು, ಸುಮಾರು 47 ಲಕ್ಷದಷ್ಟನ್ನು, ಹಿಂದಕ್ಕೆ ಪಡೆಯಲಾಯಿತು. ಆ ತೊಟ್ಟಿಲಿನಲ್ಲಿ ಮಲಗಿದ್ದ 30ಕ್ಕೂ ಹೆಚ್ಚು ಶಿಶುಗಳು ಹತ್ತು ವರ್ಷಗಳಲ್ಲಿ ತೀರಿಕೊಂಡಿದ್ದವು. ಅದು ಮಲಗಿಸಲೆಂದೇ ಮಾರಿದ ವಸ್ತು, ಬೌನ್ಸರ್ ಹಾಗಲ್ಲ, ನಿಜ. ಆದರೆ ಬೌನ್ಸರಿನಲ್ಲಿ ಕೂಸನ್ನು ನಿದ್ದೆ ಮಾಡಲು ಬಿಟ್ಟರೆ ಎರಡಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಶಿಶು ಮಲಗುವ ಜಾಗದ ಇಳಿಜಾರು 10 ಡಿಗ್ರಿಗಿಂತ ಹೆಚ್ಚಿರಬಾರದು ಎಂಬ ನಿಯಮ 2022ರಿಂದ ಆ ದೇಶದಲ್ಲಿ ಜಾರಿಯಲ್ಲಿದೆ.

ಇದನ್ನು ಮನೆಯಲ್ಲಿ ಹೇಳಿದಾಗ ಅತ್ತೆಯವರು, “ಅದಕ್ಕೇ ನಾ ಮೊದ್ಲೇ ಹೇಳಿದ್ದೆ ನೋಡವ್ವ, ಜೋಲಿನೇ ಛಲೋ” ಎಂದರು. ನನಗೆ ಇಲ್ಲಿಯೇ ಕಷ್ಟವಾದದ್ದು. ಮೂರು ತಲೆಮಾರು ಬೆಳೆದ ಜೋಲಿಯ ಬಗ್ಗೆ ಸೊಸೆಯಾಗಿ ಮಾತಾಡುವುದು ಸುಲಭವಲ್ಲ, ಆದರೂ ಬೌನ್ಸರಿಗೆ ಅನ್ವಯಿಸುವ ಮಾತು ಜೋಲಿಗೂ ಅನ್ವಯಿಸುತ್ತದೆ ಎಂದು ಹೇಳದಿದ್ದರೆ ಅದು ಅಪ್ರಾಮಾಣಿಕತೆಯಾಗುತ್ತಿತ್ತು. ಸೀರೆಯ ಕೊಳ್ಳದಲ್ಲಿ ಕೂಸಿನ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಗದ್ದ ಎದೆಯ ಕಡೆಗೇ ಇಳಿಯುತ್ತದೆ, ಮೇಲಾಗಿ ಎರಡೂ ಬದಿಯ ಬಟ್ಟೆ ಮೂಗಿನ ಹತ್ತಿರ ಬರುತ್ತದೆ. ಬೌನ್ಸರಿನಲ್ಲಾದರೂ ಮುಖ ಕಾಣಿಸುತ್ತದೆ, ಜೋಲಿಯಲ್ಲಿ ಅದೂ ಇಲ್ಲ. ಕೂಸನ್ನು ಕೈಯಲ್ಲಿ ಹಿಡಿದು ತೋರಿಸಿದ ಮೇಲೆ ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಜೋಲಿಯಲ್ಲಿ ತೂಗಿ ನಿದ್ದೆ ಹತ್ತಿದ ಕೂಡಲೇ ಎತ್ತಿ ಹಾಸಿಗೆಗೆ ಹಾಕುವುದಕ್ಕೆ ಒಪ್ಪಿದರು. ಅವರು ಹೊಲಿದಿಟ್ಟಿದ್ದ ಸಾಸಿವೆ ದಿಂಬನ್ನೂ ಡಾಕ್ಟರ ಮಾತಿನಂತೆ ಎತ್ತಿಟ್ಟೆವು. ವರ್ಷ ತುಂಬುವವರೆಗೆ ಕೂಸಿನ ಹಾಸಿಗೆಯಲ್ಲಿ ದಿಂಬೇ ಬೇಡವಂತೆ.

ಇನ್ನು ಬೆಳವಣಿಗೆಯ ಮಾತು. ಬೌನ್ಸರಿನಲ್ಲಿ ಕುಳಿತರೆ ಕೂಸಿಗೆ ಬೇಗ ಕೂರುವುದು ಬರುತ್ತದೆ, ಕಾಲು ಗಟ್ಟಿಯಾಗುತ್ತದೆ ಎಂದು ನನ್ನ ತಮ್ಮ ನಂಬಿದ್ದ, ನಾನೂ ನಂಬಿದ್ದೆ. ಅದು ಹಾಗಲ್ಲ. ಬೆನ್ನನ್ನು ಬಟ್ಟೆ ಹೊತ್ತಿರುವಾಗ ಬೆನ್ನಿಗೆ ಮಾಡಲು ಕೆಲಸವಿರುವುದಿಲ್ಲ. ಕತ್ತು, ಭುಜ, ಬೆನ್ನು, ಹೊಟ್ಟೆ ಗಟ್ಟಿಯಾಗುವುದು ಕೂಸು ಬೋರಲಾಗಿ ಮಲಗಿ ತಲೆ ಎತ್ತಲು ಹೆಣಗುವಾಗ, ಮಗ್ಗುಲಿಗೆ ತಿರುಗಲು ಒದ್ದಾಡುವಾಗ, ಕೈಗೆಟುಕದ ಗಿಲಕಿಗಾಗಿ ಮೈ ಚಾಚುವಾಗ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಒಂದು ವರ್ಷದೊಳಗಿನ ಮಗುವನ್ನು ಒಮ್ಮೆಗೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕಟ್ಟಿ ಕೂರಿಸಬಾರದು. ಇನ್ನೂ ಹರಿದಾಡದ ಕೂಸು ಎಚ್ಚರವಿರುವಾಗ ದಿನಕ್ಕೆ ಒಟ್ಟು 30 ನಿಮಿಷವಾದರೂ, ಬಿಡಿಬಿಡಿಯಾಗಿ, ಬೋರಲು ಮಲಗಿರಬೇಕು. ಒಂದು ಗಂಟೆ ಎಂಬುದು ಮೇಲಿನ ಮಿತಿ. ನಾನು ಇಪ್ಪತ್ತು ನಿಮಿಷಕ್ಕೆ ಇಳಿಸಿದೆ, ಹತ್ತು ರೊಟ್ಟಿಗೆ ಅಷ್ಟು ಸಾಕು.

ಬೋರಲು ಮಲಗಿಸುವುದು ಪರದೇಶದ ಹೊಸ ಮಾತೆಂದು ತಿಳಿಯಬೇಕಾಗಿಲ್ಲ. ಬಾಣಂತನದಲ್ಲಿ ಕೂಸಿಗೆ ಎರೆಯಲು ಬರುತ್ತಿದ್ದ ಅಜ್ಜಿ ಕಾಲು ನೀಡಿ ಕುಳಿತು, ಮೊಣಕಾಲ ಕೆಳಗೆ ಕೂಸನ್ನು ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದರು. ಆಗ ಅದು ಕತ್ತು ಎತ್ತಲು ಮಾಡುತ್ತಿದ್ದ ಪ್ರಯತ್ನವನ್ನು ನಾನು ಅಳುವಿನ ಸಿದ್ಧತೆ ಎಂದು ತಿಳಿದಿದ್ದೆ. ತವರಿನಿಂದ ಬಂದ ಮೇಲೆ ನಮ್ಮಲ್ಲಿ ಆ ಎರೆಯುವಿಕೆ ನಿಂತಿತು, ಅದರ ಜಾಗಕ್ಕೆ ಬೌನ್ಸರ್ ಬಂತು. ನಷ್ಟವಾದದ್ದು ಅಲ್ಲಿ.

ಕೂಸಿನ ತಲೆಯ ಹಿಂಭಾಗ ಒಂದು ಕಡೆ ಚಪ್ಪಟೆಯಾಗುತ್ತಿದ್ದುದನ್ನು ಕಂಡವರೂ ಡಾಕ್ಟರೇ. ಎಲುಬು ಇನ್ನೂ ಮೆದುವಾಗಿರುವ ತಲೆ ಒಂದೇ ಕಡೆಗೆ ಒತ್ತಿದರೆ ಹಾಗಾಗುತ್ತದೆ. ರಾತ್ರಿಯೆಲ್ಲ ಅಂಗಾತ ಮಲಗಲೇಬೇಕು, ಅದರಲ್ಲಿ ರಾಜಿ ಇಲ್ಲ. ಹಾಗಿರುವಾಗ ಹಗಲಿನಲ್ಲಿಯೂ ತಲೆಯ ಅದೇ ಭಾಗ ಬೌನ್ಸರಿನ ಬಟ್ಟೆಗೆ ಒತ್ತಿಕೊಂಡಿದ್ದರೆ ಚೇತರಿಕೆಗೆ ಬಿಡುವೆಲ್ಲಿ? ಹಾಲು ಕಕ್ಕುತ್ತದೆಂದು ಕುಡಿಸಿದ ಕೂಡಲೇ ಬೌನ್ಸರಿಗೆ ಹಾಕುತ್ತಿದ್ದುದನ್ನೂ ಬಿಟ್ಟೆ. ಒರಗಿ ಕುಳಿತಾಗ ಹೊಟ್ಟೆ ಮಡಚಿ ಒತ್ತಡ ಹೆಚ್ಚುವುದರಿಂದ ಕಕ್ಕುವುದು ಹೆಚ್ಚಾಗಲೂಬಹುದು. ಹೆಗಲಿಗೆ ಹಾಕಿ ತೇಗು ಬರಿಸಿ ಸ್ವಲ್ಪ ಹೊತ್ತು ಎತ್ತಿಕೊಂಡಿರುವುದೇ ಲೇಸು.

ಆವತ್ತಿನಿಂದ ನಡುಮನೆಯಲ್ಲಿ ಅವ್ವ ಹೊಲಿದುಕೊಟ್ಟ ಕೌದಿ ಹಾಸಿದ್ದೇ ಇತ್ತು. ಮೊದಲ ದಿನಗಳಲ್ಲಿ ಬೋರಲು ಹಾಕಿದರೆ ಎರಡು ನಿಮಿಷಕ್ಕೆ ಅಳುತ್ತಿತ್ತು. ನಾನು ಎದುರಿಗೆ ಮಲಗಿ ಮುಖಕ್ಕೆ ಮುಖ ಕೊಟ್ಟು ಮಾತಾಡಿಸಿದರೆ ಇನ್ನೊಂದು ನಿಮಿಷ ತಡೆಯುತ್ತಿತ್ತು. ಐದು ತಿಂಗಳಿಗೆ ತಾನೇ ಬೋರಲು ಬಿದ್ದಿತು, ಆ ದಿನ ಅತ್ತೆಯವರು ಹೋಳಿಗೆ ಮಾಡಿದರು. ಬೇಗ ಬಿತ್ತೋ ತಡವಾಯಿತೋ ಎಂದು ಪಕ್ಕದ ಮನೆಯ ಕೂಸಿನೊಡನೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಯಾವ ತಿಂಗಳಲ್ಲಿ ಏನನ್ನು ಗಮನಿಸಬೇಕೆಂದು ಅಂಗನವಾಡಿಯಿಂದ ಸಿಕ್ಕ ತಾಯಿ ಕಾರ್ಡಿನಲ್ಲಿಯೇ ಚಿತ್ರಸಹಿತ ಇದೆ, ಸಂಶಯವಿದ್ದರೆ ಅದನ್ನು ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗುವುದು ಸರಿ.

ಬೌನ್ಸರನ್ನು ಎತ್ತರದಲ್ಲಿ ಇಡುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಒಂದು ದಿನ ನಮ್ಮವರೇ ಅದನ್ನು ಅಡುಗೆ ಕಟ್ಟೆಯ ಮೇಲೆ ಇಟ್ಟಿದ್ದರು. ಕುಣಿಯುವ ಕುರ್ಚಿ ಇದ್ದಲ್ಲಿ ಇರುವುದಿಲ್ಲ, ಕೂಸು ಒದ್ದಂತೆಲ್ಲ ಇಂಚಿಂಚು ಸರಿಯುತ್ತದೆ. ಮಂಚದ ಮೇಲೆ ಇಟ್ಟರೆ ಮೆತ್ತೆಯಲ್ಲಿ ಹುದುಗಿ ಮಗುಚಿ ಬೀಳಬಹುದು. ಗಟ್ಟಿ ನೆಲ, ಬಿಗಿದ ಪಟ್ಟಿ, ಕಣ್ಣೆದುರಿನ ಜಾಗ ಇವಿಷ್ಟು ಇಲ್ಲದಿದ್ದರೆ ಐದು ನಿಮಿಷಕ್ಕೂ ನಾನು ಕೂಸನ್ನು ಅದರಲ್ಲಿ ಬಿಡುವುದಿಲ್ಲ.

ಈಗ ಕೂಸಿಗೆ ಏಳು ತಿಂಗಳು. ಆಸರೆಯಿಲ್ಲದೆ ಕೂರುತ್ತದೆ, ಮುಂದಕ್ಕೆ ಬಗ್ಗುತ್ತದೆ. ತಾನೇ ಕೂರಲು ಕಲಿತ ಮೇಲೆ ಬಳಸಬಾರದು, 9 ಕೆ.ಜಿ. ದಾಟಬಾರದು, ಇದರಲ್ಲಿ ಮಲಗಿಸಬಾರದು ಎಂದು ಬೌನ್ಸರಿನ ತಳದ ಚೀಟಿಯಲ್ಲಿ ಬರೆದಿದೆ. ಸಣ್ಣ ಇಂಗ್ಲಿಷ್ ಅಕ್ಷರಗಳ ಆ ಚೀಟಿಯನ್ನು ಐದು ತಿಂಗಳು ನಮ್ಮ ಮನೆಯಲ್ಲಿ ಯಾರೂ ಓದಿರಲಿಲ್ಲ. ಹರಿಹರದಲ್ಲಿರುವ ನಾದಿನಿಗೆ ಮುಂದಿನ ತಿಂಗಳು ಹೆರಿಗೆ, ಬೌನ್ಸರನ್ನು ಅವಳು ಕೇಳಿದ್ದಾಳೆ. ಬಟ್ಟೆ ಒಗೆದು, ಪಟ್ಟಿಯ ಬಕಲ್ಲು ಸರಿಯಿದೆಯೇ ನೋಡಿ ಕಟ್ಟಿಟ್ಟಿದ್ದೇನೆ. ಆ ಚೀಟಿಯಲ್ಲಿರುವುದನ್ನೆಲ್ಲ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದು, ಕೂರಿಸುವವರ ಕಣ್ಣಿಗೆ ಬೀಳುವಂತೆ ಕುರ್ಚಿಯ ಬೆನ್ನಿಗೆ ಹೊಲಿದಿದ್ದೇನೆ. ಜೊತೆಯಲ್ಲಿ ಒಂದು ಕೌದಿಯೂ ಹೋಗುತ್ತದೆ.