ಪ್ರೀತಿಕಥೆಯಾಗ ದೆವ್ವ ಯಾಕ ಬೇಕ್ರೀ?

ನಾನು ದೆವ್ವದ ಪ್ರೇಮಕಥೆ ಬರೆಯುತ್ತೇನೆ. ಮೊಬೈಲಿನಲ್ಲಿ ಓದುವ ಧಾರಾವಾಹಿ, ವಾರಕ್ಕೊಂದು ಕಂತು. ಇದು ಗೊತ್ತಾದ ಕೂಡಲೇ ಕೆಲವರು ನಾನು ದೆವ್ವ ನಂಬ್ತೀನಾ ಅಂತ ಕೇಳುತ್ತಾರೆ. ನಂಬಲ್ಲ, ಅಲ್ಲಿಗೆ ಅದು ಮುಗೀತು. ಆದರೆ ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಬಾಗಲಕೋಟೆ ನವನಗರದ ನಮ್ಮ ಕಿರಾಣಿ ಅಂಗಡಿಯಲ್ಲಿ ಕೂಡ ಬಿಡದೆ ಕೇಳುವ ಪ್ರಶ್ನೆ ಬೇರೆ: "ಅಲ್ರೀ ಅಕ್ಕಾರ, ಪ್ರೀತಿ ಬಗ್ಗೆ ಬರೀತೀರಿ, ಛಲೋ ಆತು. ಅದರಾಗ ದೆವ್ವ ಯಾಕ ಬೇಕ್ರೀ?"

ಬೇಕು. ಪ್ರೀತಿಕಥೆ ನಡೆಯುವುದೇ ಅಡ್ಡಿಯ ಮೇಲೆ. ಇಬ್ಬರಿಗೂ ಇಷ್ಟ, ಮನೆಯವರಿಗೂ ಇಷ್ಟ ಅಂದ್ರೆ ಅದು ಲಗ್ನಪತ್ರಿಕೆ, ಕಥೆ ಅಲ್ಲ. ಜಾತಿ, ಅಂತಸ್ತು, ಅಪ್ಪನ ಸಿಟ್ಟು ಇವೆಲ್ಲ ಊರಲ್ಲಿ ಇನ್ನೂ ಇವೆ, ಬೇಕಾದ್ದಕ್ಕಿಂತ ಜಾಸ್ತಿಯೇ ಇವೆ. ಆದರೆ ಕಥೆಯಲ್ಲಿ ಅವು ಬಂದ ಕೂಡಲೇ ಓದುವವರಿಗೆ ಮುಂದಿನ ದಾರಿ ಕಾಣುತ್ತದೆ. ಹಿರಿಯರು ಕೂತು ಮಾತಾಡ್ತಾರೆ, ಇಲ್ಲಾ ಇಬ್ಬರೂ ಓಡಿಹೋಗಿ ರಿಜಿಸ್ಟರ್ ಮದುವೆ ಆಗ್ತಾರೆ, ಮೊಮ್ಮಗು ಹುಟ್ಟಿದ ಮೇಲೆ ಅಪ್ಪ ಕರಗುತ್ತಾನೆ. ಹುಡುಗ ಸತ್ತು ಎಪ್ಪತ್ತು ವರ್ಷ ಆಗಿದೆ ಅನ್ನಿ ನೋಡೋಣ. ಯಾವ ಹಿರಿಯರು ಕೂತು ಏನು ಬಗೆಹರಿಸುತ್ತಾರೆ?

ಇದೇನೂ ಹೊರಗಿಂದ ಬಂದ ಹುಚ್ಚಲ್ಲ. ಹಾವು ಗಂಡನ ರೂಪ ತಾಳಿ ರಾತ್ರಿ ಹೊತ್ತು ಒಂಟಿ ಹೆಂಗಸಿನ ಹತ್ತಿರ ಬರುವ ಕಥೆಯನ್ನು ನಮ್ಮ ಅಜ್ಜಿಯರು ಹೇಳಿಯೇ ಹೇಳಿದ್ದಾರೆ, ಅದಕ್ಕೆ ಪ್ಯಾರಾನಾರ್ಮಲ್ ರೊಮ್ಯಾನ್ಸ್ ಅನ್ನುವ ಹೆಸರು ಮಾತ್ರ ಇರಲಿಲ್ಲ. ಹೊರಗಿಂದ ಬಂದದ್ದು ರಕ್ತ ಕುಡಿಯುವ ಚೆಲುವ. ಅವನ ಮೇಲೆ ನನಗೆ ದ್ವೇಷ ಇಲ್ಲ, ಆದರೆ ನಮ್ಮ ಕಡೆ ಅವನು ಒಂದು ದಿನವೂ ಬಾಳಲ್ಲ. ಯಾಕಂದ್ರೆ ಅವನು ಊಟ ಮಾಡಲ್ಲ. ಬಾಗಲಕೋಟೆಯ ಯಾವುದೇ ಮನೆಗೆ ಹೋಗಿ, ಕಾಲು ತೊಳೆಯುವ ಮೊದಲೇ "ಊಟಾ ಆತೇನ್ರೀ?" ಅಂತ ಕೇಳ್ತಾರೆ. ಆಗಿಲ್ಲ ಅಂದ್ರೆ ತಾಟಿಗೆ ರೊಟ್ಟಿ ಬೀಳುತ್ತದೆ, ಆಗಿದೆ ಅಂದ್ರೂ ಬೀಳುತ್ತದೆ. ಎರಡು ಸಲ ಬೇಡ ಅಂದವನನ್ನು ಅಜ್ಜಿ ಅನುಮಾನದಿಂದ ನೋಡ್ತಾಳೆ, ಮೂರನೇ ಸಲಕ್ಕೆ ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ತರ್ತಾಳೆ. ಬೆಳದಿಂಗಳು, ಕೋಟೆ, ಕಪ್ಪು ಕೋಟು ಎಲ್ಲಾ ತಂದಿಟ್ಟು ಈ ರೊಟ್ಟಿಯನ್ನು ಮರೆತ ಕಥೆಗಳನ್ನು ಓದುವಾಗ ನನಗೆ ಪಾಪ ಅನ್ನಿಸುತ್ತದೆ.

ಹಾಗಾಗಿ ದೆವ್ವ ಇಲ್ಲಿನದೇ ಆಗಬೇಕು, ಅದಕ್ಕೊಂದು ನಿಯಮವೂ ಇರಬೇಕು. ಒಂದೇ ಸಾಕು, ಆದರೆ ಅದನ್ನು ಮೊದಲ ಎರಡು ಕಂತಿನಲ್ಲೇ ಹೇಳಿಬಿಡಬೇಕು, ಆಮೇಲೆ ಬರೆಯುವವರಿಗೆ ಎಷ್ಟೇ ಕಷ್ಟ ಆದರೂ ಅದನ್ನು ಮುರಿಯುವ ಹಾಗಿಲ್ಲ. ಇಪ್ಪತ್ತನೇ ಕಂತಿನಲ್ಲಿ ನಾಯಕಿ ಆಪತ್ತಿನಲ್ಲಿದ್ದಾಳೆ ಅಂತ ದೆವ್ವಕ್ಕೆ ದಿಢೀರನೆ ಹೊಸ ಶಕ್ತಿ ಕೊಟ್ಟರೆ ಓದುಗರು ಸುಮ್ನೆ ಬಿಡ್ತಾರಾ? ಈಗ ಬರೆಯುತ್ತಿರುವ ಕಥೆಯಲ್ಲಿ ನನ್ನ ನಿಯಮ ಇದು: ಅವನು ತಾನು ಸತ್ತ ಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಹಳೇ ನಿಯಮವೇ, ಯಾರು ಬೇಕಾದರೂ ಬರೆಯಬಹುದು. ಆದರೆ ಆ ಮನೆ ಇರುವುದು ಹಳೇ ಬಾಗಲಕೋಟೆಯ ಮುಳುಗಡೆ ಜಾಗದಲ್ಲಿ.

ಈ ಕಡೆಯವರಲ್ಲದವರಿಗೆ ಸ್ವಲ್ಪ ಹೇಳಬೇಕು. ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಆಯಿತು. ಅದರ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ನುಗ್ಗಿ ನಮ್ಮೂರಿನ ಒಂದು ದೊಡ್ಡ ಭಾಗವನ್ನೇ ತೆಗೆದುಕೊಂಡಿತು. ಆ ಜನಕ್ಕಾಗಿ ನವನಗರ ಎದ್ದಿತು. ಗಲ್ಲಿಗೆ ಹೆಸರಿದ್ದವರು ಸೆಕ್ಟರ್ ನಂಬರಿಗೆ ಬಂದರು. ಮುಳುಗಡೆ ಅನ್ನುವುದು ನಮ್ಮಲ್ಲಿ ಬರೀ ಪದ ಅಲ್ಲ, ಅದಕ್ಕೆ ಫೈಲು ಇದೆ, ಪರಿಹಾರ ಇದೆ, ಕೋರ್ಟು ಇದೆ, ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರ ಸಿಟ್ಟು ಇದೆ. ಮನುಷ್ಯರಿಗೆ ಪ್ಲಾಟು ಸಿಕ್ಕಿತು. ಆ ಮನೆಗಳಲ್ಲಿ ಇದ್ದ ದೆವ್ವಗಳು ಎಲ್ಲಿ ಹೋಗಬೇಕು? ನನ್ನ ಕಥೆ ಶುರುವಾಗಿದ್ದೇ ಈ ಪ್ರಶ್ನೆಯಿಂದ.

ಈಗ ಆ ಒಂದು ನಿಯಮ ಏನೆಲ್ಲಾ ಕೊಡುತ್ತದೆ ನೋಡಿ. ಜಲಾಶಯ ಸಮುದ್ರ ಮಟ್ಟದಿಂದ 519.6 ಮೀಟರ್ ಎತ್ತರದವರೆಗೆ, ಅಂದ್ರೆ ಪೂರ್ತಿ, ತುಂಬಿದಾಗ ಅವನ ಮನೆ ನೀರಿನ ಅಡಿ ಇರುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಕೆಸರಿನ ನಡುವೆ ಗೋಡೆ ಕಾಣುತ್ತದೆ, ಹೊಸ್ತಿಲು ಕಾಣುತ್ತದೆ, ಅವನೂ ಕಾಣುತ್ತಾನೆ. ಅವಳಿಗೆ ಸಿಗುವುದು ಏಪ್ರಿಲ್, ಮೇ. ಆಮೇಲೆ ಮಹಾಬಳೇಶ್ವರದ ಕಡೆ ಮಳೆ ಹಿಡಿದರೆ ಮುಗೀತು, ಎಲ್ಲೋ ದೂರದ ಘಟ್ಟದಲ್ಲಿ ಬಿದ್ದ ಮಳೆ ಇಲ್ಲಿ ಇಬ್ಬರನ್ನು ಅಗಲಿಸುತ್ತದೆ. ನಾನು ವಿರಹದ ಬಗ್ಗೆ ಒಂದು ಸಾಲೂ ಬರೆಯಬೇಕಿಲ್ಲ, ಅವಳು ಬೆಳಿಗ್ಗೆ ಪೇಪರಿನಲ್ಲಿ ಡ್ಯಾಮಿನ ನೀರಿನ ಮಟ್ಟ ನೋಡಿದಳು ಅಂತ ಬರೆದರೆ ಸಾಕು. ಅಣೆಕಟ್ಟನ್ನು 524.256 ಮೀಟರಿಗೆ ಏರಿಸುವ ಮಾತು ಬಂದಾಗ ಇಡೀ ಜಿಲ್ಲೆ ಎರಡೆರಡು ರೀತಿ ಯೋಚಿಸುತ್ತದೆ: ನೀರಾವರಿಗೆ ನೀರು ಬೇಕು, ಆದರೆ ಇನ್ನಷ್ಟು ಊರು, ಹೊಲ ಹೋಗುತ್ತವೆ. ನನ್ನ ನಾಯಕಿಗೆ ಮೂರನೇ ಚಿಂತೆ ಇದೆ, ಅದನ್ನು ಅವಳು ಯಾರಿಗೂ ಹೇಳುವಂತಿಲ್ಲ.

ಇನ್ನು, ಇಂಥ ಕಥೆ ಯಾಕೆ ಇಷ್ಟ ಆಗುತ್ತೆ ಅನ್ನುವುದು. ನನಗೆ ಮೆಸೇಜ್ ಹಾಕುವವರು ಹೆಚ್ಚಾಗಿ ಹೆಂಗಸರು, ಅದೂ ರಾತ್ರಿ ಪಾತ್ರೆ ತೊಳೆದಾದ ಮೇಲೆ. ಅವರಿಗೆ ದೆವ್ವದ ಭಯ ಬೇಕಾಗಿಲ್ಲ. ಅವನು ಮನೆಯಲ್ಲೇ ಇರ್ತಾನೆ, ಅವಳು ಹೇಳಿದ್ದನ್ನು ಪೂರ್ತಿ ಕೇಳ್ತಾನೆ, ನಡುವೆ ಫೋನ್ ನೋಡಲ್ಲ. ಅವನ ಅವ್ವ ತೀರಿಕೊಂಡು ಎಷ್ಟೋ ವರ್ಷ ಆಗಿರುತ್ತೆ, ಅತ್ತೆ ಕಾಟ ಇಲ್ಲ. ನಗಬೇಡಿ, ಇದನ್ನು ನನಗೆ ಒಬ್ಬರಲ್ಲ, ಬಹಳ ಜನ ಬರೆದಿದ್ದಾರೆ.

ಆದರೆ ಇಲ್ಲೇ ಒಂದು ಅಪಾಯ ಇದೆ. ಕಣ್ಣಿಗೆ ಕಾಣದ ಗಂಡಸು ಹುಡುಗಿಯ ಕೋಣೆಯಲ್ಲಿ ನಿಂತು ನೋಡ್ತಾನೆ ಅಂದ್ರೆ ಅದು ಪ್ರೀತಿಯಲ್ಲ, ಅವನು ಸತ್ತಿದ್ದಾನೆ ಅನ್ನುವ ಕಾರಣಕ್ಕೆ ಅದು ಚಂದ ಆಗಲ್ಲ. ಸಾವಿರ ವರ್ಷ ಬದುಕಿದವನಿಗೆ ಇಪ್ಪತ್ತರ ಹುಡುಗಿ ಮೇಲೆ ಎಷ್ಟು ಹಿಡಿತ ಇರುತ್ತೆ ಅನ್ನುವುದನ್ನೂ ಬರೆಯುವವರು ನೋಡಬೇಕು. ನನ್ನ ಕಥೆಯಲ್ಲಿ ಅವನ ಹೊಸ್ತಿಲ ಹತ್ತಿರ ಹೋಗುವುದು ಅವಳು. ಬರುವುದು, ಬಿಡುವುದು ಅವಳ ಕೈಯಲ್ಲೇ ಇದೆ. ಮಾತು ಸಾಕಾದರೆ ಎದ್ದು ಸ್ಕೂಟಿ ಹತ್ತಿ ಬರ್ತಾಳೆ.

ವಿಜಯಪುರದವರು ಮಾತ್ರ ಗೋಳಗುಮ್ಮಟದ ಮೇಲೆ ಬರೀರಿ ಅಂತ ಬೆನ್ನು ಹತ್ತಿದ್ದಾರೆ. ಆಸೆ ನನಗೂ ಇದೆ. ಸುಮಾರು 38 ಮೀಟರ್ ಅಗಲದ ಗುಮ್ಮಟ, ಈ ಕಡೆ ಗೋಡೆಗೆ ಪಿಸುಗುಟ್ಟಿದರೆ ಆ ಕಡೆ ಕೇಳುತ್ತದೆ. ಎದುರಿಗೆ ಯಾರೂ ಇಲ್ಲ, ಆದರೂ ಉತ್ತರ ಬಂತು ಅಂದ್ರೆ ಅರ್ಧ ಕಥೆ ಆಗೇಹೋಯ್ತು. ತೊಂದರೆ ಏನಂದ್ರೆ ಹಗಲಿಡೀ ಶಾಲೆ ಟ್ರಿಪ್ಪಿನ ಮಕ್ಕಳು ಕೂಗ್ತಿರ್ತಾರೆ, ಸಂಜೆ ಗೇಟ್ ಹಾಕ್ತಾರೆ. ಮಹಮ್ಮದ್ ಆದಿಲ್ ಷಾ ತನ್ನ ನರ್ತಕಿ ರಂಭಾಳಿಗೆ ನಿನ್ನ ಪ್ರೀತಿ ನಿಜವಾದರೆ ಇಲ್ಲಿಂದ ಹಾರು ಅಂದ, ಅವಳು ಹಾರಿದಳು ಅಂತ ಗೈಡುಗಳು ಹೇಳ್ತಾರಲ್ಲ, ಅದನ್ನೇ ಪ್ರೇಮಕಥೆ ಮಾಡಿ ಅಂತಾರೆ. ನನ್ನ ಕೈಲಿ ಆಗಲ್ಲ. ರಂಭಾ ಮರಳಿ ಬಂದರೆ ಅವನ ಜೊತೆ ಪ್ರೀತಿಯಿಂದ ಮಾತಾಡ್ತಾಳೆ ಅಂತ ನನಗೆ ಅನ್ನಿಸಲ್ಲ.

ಕೊನೆ ಬರೆಯುವುದೇ ಎಲ್ಲಕ್ಕಿಂತ ಕಷ್ಟ. ಪ್ರೇಮಕಥೆ ಅಂದಮೇಲೆ ಇಬ್ಬರೂ ಒಂದಾಗಬೇಕು, ಅದು ಓದುಗರ ಹಕ್ಕು. ಅವನನ್ನು ಮಂತ್ರ ಹಾಕಿ ಬದುಕಿಸಿಬಿಟ್ಟರೆ ಅಷ್ಟು ಕಂತು ಕಟ್ಟಿದ ಅಡ್ಡಿ ಸುಳ್ಳಾಗುತ್ತದೆ. ಅವಳನ್ನು ಸಾಯಿಸಿ ಜೋಡಿ ಮಾಡುವುದನ್ನು ನಾನು ಯಾವತ್ತೂ ಬರೆಯುವುದಿಲ್ಲ, ಯಾವ ವಯಸ್ಸಿನವರು ಎಂಥ ಹೊತ್ತಿನಲ್ಲಿ ಓದುತ್ತಿರುತ್ತಾರೋ ಗೊತ್ತಿಲ್ಲ. ಉತ್ತರ ನಿಯಮದ ಒಳಗಿಂದಲೇ ಬರಬೇಕು. ಮುಳುಗಡೆ ಆದವರು ಹಳೇ ಮನೆಯ ತೊಲೆ, ಬಾಗಿಲು, ಚೌಕಟ್ಟು ಕಿತ್ತುಕೊಂಡು ಹೋಗಿ ಹೊಸ ಮನೆಗೆ ಹಾಕಿಕೊಳ್ಳುವುದು ಇಲ್ಲಿ ಮಾಮೂಲು. ಅವನು ಹೊಸ್ತಿಲು ದಾಟುವ ಹಾಗಿಲ್ಲ, ಸರಿ. ಹೊಸ್ತಿಲನ್ನೇ ತಂದರೆ? ಹೋದ ವಾರದ ಕಂತಿನಲ್ಲಿ ಅವಳು ಟ್ರ್ಯಾಕ್ಟರ್ ಬಾಡಿಗೆಗೆ ಹಿಡಿದು ಆ ಕಲ್ಲಿನ ಹೊಸ್ತಿಲನ್ನು ಎಬ್ಬಿಸಿ ನವನಗರಕ್ಕೆ ತಂದಿದ್ದಾಳೆ.

ಕಂತು ಹಾಕಿ ಅರ್ಧ ತಾಸಿಗೇ ಇಳಕಲ್ಲಿನ ಒಬ್ಬ ಓದುಗರು ಬರೆದರು: "ಹೊಸ್ತಿಲಾ ಕುಂದ್ರಿಸೋದು ಖರೆ ಅಕ್ಕಾರ, ಮನಿ ವಾಸ್ತುಶಾಂತಿ ಮಾಡಸ್ತಾರಲ್ಲ, ಆವಾಗ ಅಂವಾ ಉಳಿತಾನೇನ್ರೀ?" ಮುಂದಿನ ಕಂತು ಅದರ ಮೇಲೇ ನಿಂತಿದೆ, ಇನ್ನೂ ಬರೆದಿಲ್ಲ.