ಒಳ್ಳೆ ಬುದ್ಧಿ ಕಲಿಸೋಕೆ ಆಗುತ್ತಾ ಸಾರ್?

ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಊಟದ ಸಾಲಿನಲ್ಲಿ, ಕಾಫಿ ಮಾರೋಕೆ ಹೋದ ಕಡೆ, ಎಲ್ಲೇ ಹಳೆಯ ವಿದ್ಯಾರ್ಥಿಗಳು ಸಿಕ್ಕಿದರೂ ಮಾತು ಕೊನೆಗೆ ಇಲ್ಲಿಗೇ ಬರುತ್ತದೆ. ಈಗ ಅವರಿಗೂ ಮಕ್ಕಳಾಗಿದ್ದಾರೆ. "ನಮಗೆ ಲೆಕ್ಕ ಕಲಿಸಿದ್ರಿ ಸಾರ್. ಇವನಿಗೆ ಸ್ವಲ್ಪ ಒಳ್ಳೆ ಬುದ್ಧಿ ಕಲಿಸೋದು ಹೇಗೆ ಹೇಳಿ. ಅದು ಕಲಿಸೋ ಅಂಥದ್ದಾ, ಇಲ್ಲಾ ಹುಟ್ಟುವಾಗಲೇ ಬರಬೇಕಾ?"

ನಾನು 30 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ಮೊದಲೆಲ್ಲ "ನೀವು ಸರಿಯಾಗಿದ್ರೆ ಮಕ್ಕಳೂ ಸರಿಯಾಗ್ತಾರೆ" ಅಂತ ಹೇಳಿ ಕಳಿಸುತ್ತಿದ್ದೆ. ಆ ಮಾತು ಪೂರ್ತಿ ನಿಜವಲ್ಲ. ಬಂಗಾರದಂಥ ಅಪ್ಪ ಅಮ್ಮಂದಿರ ಮಕ್ಕಳು ದಾರಿ ತಪ್ಪಿದ್ದನ್ನು ನೋಡಿದ್ದೇನೆ. ಕುಡಿದು ಬಂದು ಹೊಡೆಯುವ ಅಪ್ಪನ ಮಗಳು ಇಡೀ ಕ್ಲಾಸಿಗೇ ನೆರಳಾಗಿ ನಿಂತಿದ್ದನ್ನೂ ನೋಡಿದ್ದೇನೆ. ಕೇಳಿದವರಿಗೆ ಸರಿಯಾದ ಉತ್ತರ ಕೊಡಬೇಕು ಅಂತ ಈಗ ಕೂತು ಬರೆಯುತ್ತಿದ್ದೇನೆ.

ಈ ಪ್ರಶ್ನೆಗೆ ಸುಮಾರು 2400 ವರ್ಷ ವಯಸ್ಸು. ಗ್ರೀಸಿನ ಥೆಸ್ಸಲಿಯಿಂದ ಬಂದ ಮೆನೋ ಎಂಬ ಶ್ರೀಮಂತ ಯುವಕ ಅಥೆನ್ಸಿನಲ್ಲಿ ಸಾಕ್ರಟೀಸನಿಗೆ ಇದನ್ನೇ ಕೇಳಿದ. ಒಳ್ಳೆಯತನ ಕಲಿಸಿದರೆ ಬರುತ್ತದಾ, ಅಭ್ಯಾಸದಿಂದ ಬರುತ್ತದಾ, ಹುಟ್ಟಿನಿಂದ ಬರುತ್ತದಾ ಅಂತ. ಪ್ಲೇಟೋ ಬರೆದ ಆ ಸಂವಾದಕ್ಕೆ ಅವನದೇ ಹೆಸರು, ‘ಮೆನೋ’. ನಮ್ಮ ಗಾದೆಗಳಲ್ಲೂ ಇದೇ ಜಗಳ ಇದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತೇವೆ, ಅಂದರೆ ಬೇಗ ಕಲಿಸಿ ಅಂತ. ಹುಟ್ಟುಗುಣ ಸುಟ್ಟರೂ ಹೋಗದು ಅಂತಲೂ ಅನ್ನುತ್ತೇವೆ. ಸಹವಾಸದಿಂದ ಸನ್ಯಾಸಿ ಕೆಟ್ಟ ಅನ್ನುವುದೂ ನಮ್ಮ ಬಾಯಲ್ಲೇ ಇದೆ. ನಮ್ಮಜ್ಜಿ ಮೂರನ್ನೂ ಹೇಳುತ್ತಿದ್ದಳು, ಮೂರನ್ನೂ ನಂಬಿದ್ದಳು.

ಸಾಕ್ರಟೀಸ್ ನೇರವಾಗಿ ಉತ್ತರ ಕೊಡಲಿಲ್ಲ. ಒಳ್ಳೆಯತನ ಅಂದರೆ ಏನು ಅಂತಲೇ ನನಗೆ ಗೊತ್ತಿಲ್ಲ, ಅದನ್ನು ಕಲಿಸಬಹುದಾ ಅಂತ ಹೇಗೆ ಹೇಳಲಿ, ಮೊದಲು ಅದೇನು ಹೇಳು ಅಂದ. ಮೆನೋಗೆ ಅದು ಬಹಳ ಸುಲಭ ಅನ್ನಿಸಿತು. ಗಂಡಸಿಗೆ ಒಂದು ಒಳ್ಳೆಯತನ, ಹೆಂಗಸಿಗೆ ಒಂದು, ಮಗುವಿಗೆ ಒಂದು, ಮುದುಕನಿಗೆ ಒಂದು ಅಂತ ಪಟ್ಟಿ ಕೊಟ್ಟ. ಒಂದನ್ನು ಕೇಳಿದರೆ ಜೇನು ಹುಳದ ಹಿಂಡನ್ನೇ ತಂದು ಬಿಟ್ಟೆಯಲ್ಲ ಅಂದ ಸಾಕ್ರಟೀಸ್. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಜ್ಜೇನು ಬೇರೆ, ತುಡುವೆ ಬೇರೆ, ಕೋಲುಜೇನು ಬೇರೆ. ಆದರೂ ಮೂರನ್ನೂ ಜೇನು ಅಂತ ಕರೆಯುತ್ತೇವೆ. ಮೂರರಲ್ಲೂ ಇರುವ ಆ ಒಂದು ಏನು? ಧೈರ್ಯ, ಪ್ರಾಮಾಣಿಕತೆ, ಕರುಣೆ, ಎಲ್ಲವನ್ನೂ ಒಳ್ಳೆಯದು ಅನ್ನುತ್ತೇವಲ್ಲ, ಅವುಗಳಲ್ಲಿ ಇರುವ ಆ ಒಂದು ಏನು?

ಮೆನೋ ಸಿಕ್ಕಿಬಿದ್ದ. ಮುಟ್ಟಿದವರನ್ನು ಮರಗಟ್ಟಿಸುವ ಮೀನಿನ ಹಾಗಿದ್ದೀಯ ನೀನು, ನನ್ನ ಬಾಯಿ ಮನಸ್ಸು ಎರಡೂ ಜೋಮು ಹಿಡಿದಿವೆ ಅಂದ. ಆಮೇಲೆ ಒಂದು ಒಳ್ಳೆಯ ಮಾತನ್ನೂ ಕೇಳಿದ. ಏನು ಅಂತಲೇ ಗೊತ್ತಿಲ್ಲದ್ದನ್ನು ಹುಡುಕುವುದು ಹೇಗೆ? ಎದುರಿಗೇ ಸಿಕ್ಕಿದರೂ ಇದೇ ಅದು ಅಂತ ಗುರುತು ಹಿಡಿಯುವುದು ಹೇಗೆ? ಸಾಕ್ರಟೀಸ್ ಅದಕ್ಕೆ ಬರೀ ಮಾತಿನಲ್ಲಿ ಉತ್ತರ ಕೊಟ್ಟು ಬಿಡಲಿಲ್ಲ. ಮೆನೋನ ಜೊತೆ ಬಂದಿದ್ದ ಒಬ್ಬ ಗುಲಾಮ ಹುಡುಗನನ್ನು ಕರೆದು ನೆಲದ ಮೇಲೆ ಒಂದು ಚೌಕ ಬರೆದ.

ಆ ಚೌಕವನ್ನು ನಾನು ನಮ್ಮ ಕಾಫಿ ಕಣದಲ್ಲಿ ಒಂದು ಡಿಸೆಂಬರಿನಲ್ಲಿ ಬರೆದೆ. ತೋಟದ ಕೆಲಸದವರ ಲೈನ್ ಮನೆಯ ಒಬ್ಬಳು ಹುಡುಗಿ, ಐದನೇ ಕ್ಲಾಸು. ಅವಳ ಅಮ್ಮ ಆ ಕಡೆ ಕಾಫಿ ಹಣ್ಣನ್ನು ಹಲುಬೆಯಲ್ಲಿ ಎಳೆದು ಹರಡುತ್ತಿದ್ದರು. ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ 2 ಅಡಿ ಉದ್ದ, 2 ಅಡಿ ಅಗಲದ ಚೌಕ ಹಾಕಿ ಅದರೊಳಗೆ ಒಂದೊಂದು ಅಡಿಯ ಮನೆ ಮಾಡಿದೆ. ಅವಳು ಮನೆಗೊಂದು ಕಾಫಿ ಹಣ್ಣು ಇಟ್ಟಳು. 4 ಹಣ್ಣು. "ಇದರ ಎರಡರಷ್ಟು ಬೇಕು. 8 ಹಣ್ಣು ಹಿಡಿಯೋ ಚೌಕ. ಬದಿ ಎಷ್ಟುದ್ದ ಇರಬೇಕು?"

"ನಾಲ್ಕಡಿ ಸಾರ್." ಯೋಚನೆಯೇ ಮಾಡದೆ ಹೇಳಿದಳು. ಎರಡರಷ್ಟು ಅಂದರೆ 2ಕ್ಕೆ 4, ಅಲ್ವಾ?

ಬರೆದು ನೋಡು ಅಂದೆ. ಬರೆದಳು, ಹಣ್ಣು ಇಟ್ಟಳು. 16 ಆಯಿತು. ನನ್ನ ಮುಖ ನೋಡಿದಳು. ಆಮೇಲೆ 3 ಅಡಿ ಅಂದಳು. ಅದನ್ನೂ ಬರೆದಳು. 9. ಎರಡು ಸಲ ಎಣಿಸಿದಳು. ಒಂದು ಹಣ್ಣನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡು ಸುಮ್ನೆ ಕೂತಳು. ಸುಮಾರು ಹೊತ್ತು ಹೋಯಿತು. ನನ್ನ ಬಾಯಿಗೆ ಉತ್ತರ ಬಂದಿತ್ತು, ಕಷ್ಟಪಟ್ಟು ತಡೆದುಕೊಂಡೆ. ಕೊನೆಗೆ ಅವಳೇ "ಗೊತ್ತಾಗ್ತಾ ಇಲ್ಲ ಸಾರ್" ಅಂದಳು. ಅಳು ಇರಲಿಲ್ಲ, ನಾಚಿಕೆ ಇರಲಿಲ್ಲ. ಕಣ್ಣು ಮಾತ್ರ ನೆಲ ಬಿಟ್ಟು ಏಳಲಿಲ್ಲ.

ಸಾಕ್ರಟೀಸ್ ಮೆನೋಗೆ ತೋರಿಸಿದ್ದು ಇದೇ ಗಳಿಗೆಯನ್ನು. ಮೊದಲು ಹುಡುಗನಿಗೆ ಗೊತ್ತಿರಲಿಲ್ಲ, ಗೊತ್ತಿದೆ ಅಂದುಕೊಂಡಿದ್ದ. ಈಗಲೂ ಗೊತ್ತಿಲ್ಲ, ಆದರೆ ಗೊತ್ತಿಲ್ಲ ಅನ್ನುವುದು ಗೊತ್ತಾಗಿದೆ. ಇವನಿಗೆ ಜೋಮು ಹಿಡಿಸಿ ನಾವು ಕೆಟ್ಟದ್ದು ಮಾಡಿದೆವಾ ಅಂತ ಕೇಳಿದ. ಇಲ್ಲ ಅಂತ ಮೆನೋನೇ ಒಪ್ಪಿಕೊಂಡ.

ನಾನು ಅವಳಿಗೆ ಒಂದೇ ಒಂದು ಮಾತು ಕೇಳಿದೆ. "16ರಲ್ಲಿ 8 ಅಂದ್ರೆ ಎಷ್ಟು?" ಅರ್ಧ ಅಂದಳು. ಮತ್ತೆ ದೊಡ್ಡ ಚೌಕದ ಹತ್ತಿರ ಹೋಗಿ ಕೂತಳು. ಅದರೊಳಗೆ ಮೊದಲಿನಂಥ ಚೌಕ ನಾಲ್ಕಿದ್ದವು. ಒಂದರ ಮೂಲೆಯಿಂದ ಮೂಲೆಗೆ ಬೆರಳಲ್ಲಿ ಗೆರೆ ಎಳೆದಳು. ಸೀಮೆಸುಣ್ಣ ಕೇಳಿ ಇಸ್ಕೊಂಡಳು. ನಾಲ್ಕನ್ನೂ ಹಾಗೇ ಅರ್ಧ ಮಾಡಿದಳು. ಮಧ್ಯದಲ್ಲಿ ವಾರೆಯಾಗಿ ನಿಂತ ಇನ್ನೊಂದು ಚೌಕ ಎದ್ದು ಕಂಡಿತು. "ಸೊಟ್ಟ ಇದೆ ಸಾರ್. ಆದ್ರೂ ಚೌಕಾನೇ. ಇದೇ ಎಂಟು."

ಅವಳ ಅಮ್ಮ ಹಲುಬೆ ನಿಲ್ಲಿಸಿ ನೋಡುತ್ತಿದ್ದರು.

ಬದಿ ಎಷ್ಟುದ್ದ ಅಂತ ಟೇಪು ಹಿಡಿದು ಅಳೆದೆವು. 34 ಇಂಚಿಗೆ ಒಂದು ಕೂದಲೆಳೆ ಕಡಿಮೆ. ಸರಿಯಾಗಿ ಎಷ್ಟು ಅಂತ ಕೇಳಿದಳು. ಯಾವ ಭಿನ್ನರಾಶಿಯಲ್ಲೂ ಅದನ್ನು ಪೂರ್ತಿ ಬರೆಯೋಕೆ ಆಗಲ್ಲ, 2.828 ಅಂತ ಶುರು ಮಾಡಿದರೆ ಮುಗಿಯುವುದೇ ಇಲ್ಲ ಅಂದೆ. ಕಣ್ಣೆದುರಿಗೆ ಇದೆ, ಅನುಮಾನವೇ ಇಲ್ಲ, ಆದರೂ ಹೇಳಿ ಮುಗಿಸೋಕೆ ಆಗಲ್ಲ. ಸತ್ಯ ಅಂದರೆ ಏನು ಅಂತ ಯಾರಾದರೂ ಕೇಳಿದಾಗ ನನಗೆ ಆ ವಾರೆ ಚೌಕವೇ ನೆನಪಾಗುತ್ತದೆ.

ಸಾಕ್ರಟೀಸ್ ಕರೆದ ಆ ಗುಲಾಮ ಹುಡುಗನಿಗೂ ಕೊನೆಗೆ ಇದೇ ವಾರೆ ಚೌಕ ಸಿಕ್ಕಿತು. ಯಾರೂ ಹೇಳಿಕೊಡದೆ ಅವನಿಗೆ ಇದು ಹೇಗೆ ಬಂತು? ಆತ್ಮಕ್ಕೆ ಸಾವಿಲ್ಲ, ಅದು ಎಲ್ಲವನ್ನೂ ಮೊದಲೇ ಕಂಡಿದೆ, ಕಲಿಯುವುದು ಅಂದರೆ ಮರೆತದ್ದನ್ನು ನೆನಪು ಮಾಡಿಕೊಳ್ಳುವುದು ಅನ್ನುತ್ತಾನೆ ಸಾಕ್ರಟೀಸ್. ತೀರಿಹೋದ ಹಿರಿಯರಿಗೆ ಎಡೆ ಇಟ್ಟು ದೀಪದ ಮುಂದೆ ನಿಂತು ಬೆಳೆದ ನಮಗೆ ಇದು ತೀರಾ ಹೊರಗಿನ ಮಾತು ಅನ್ನಿಸುವುದಿಲ್ಲ. ತೀರಿಹೋದವರು ನಮ್ಮ ನಡತೆಯನ್ನು ನೋಡುತ್ತಿದ್ದಾರೆ ಅಂತಲೇ ನಮ್ಮನ್ನು ಬೆಳೆಸಿದ್ದು. ಆದರೆ ನನಗೆ ಜಾಸ್ತಿ ಹಿಡಿಸಿದ್ದು ಸಾಕ್ರಟೀಸ್ ಆಮೇಲೆ ಆಡಿದ ಮಾತು. ಆತ್ಮದ ಬಗ್ಗೆ ಹೇಳಿದ್ದಕ್ಕೆಲ್ಲ ಗಟ್ಟಿಯಾಗಿ ನಿಲ್ಲಲಾರೆ, ಆದರೆ ಗೊತ್ತಿಲ್ಲದ್ದನ್ನು ಹುಡುಕಲೇಬೇಕು ಅಂತ ನಂಬಿದರೆ ನಾವು ಒಳ್ಳೆಯವರಾಗುತ್ತೇವೆ, ಧೈರ್ಯ ಬರುತ್ತದೆ, ಸೋಮಾರಿತನ ಹೋಗುತ್ತದೆ, ಇದಕ್ಕಾಗಿ ಕೈಲಾದಷ್ಟು ಹೋರಾಡುತ್ತೇನೆ ಅಂದ. ತಿಳುವಳಿಕೆಯ ಮಾತು ಆಡುತ್ತಿದ್ದವನು ಇಲ್ಲಿ ಗುಣದ ಮಾತಿಗೆ ಬಂದುಬಿಟ್ಟ. ಅವೆರಡೂ ಯಾಕೆ ಜೊತೆಗಿವೆ ಅಂತ ನನಗೆ ಪುಸ್ತಕದಿಂದ ಗೊತ್ತಾಗಲಿಲ್ಲ.

ಗೊತ್ತಾಗಿದ್ದು 2018ರ ಆಗಸ್ಟಿನಲ್ಲಿ. ನಮ್ಮ ಮನೆ ಮಕ್ಕಂದೂರಿನ ಕಡೆ. ಆ ಮಳೆ ಕಂಡವರಿಗೆ ಅದನ್ನು ಬಣ್ಣಿಸಬೇಕಾಗಿಲ್ಲ. ಒಂದು ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಗೊರಬೆ ಹಾಕಿಕೊಂಡು ಬಂದರು. "ಸಾರ್, ಒರತೆ ನೀರು ಕೆಂಪಾಗಿದೆ. ಯಾವತ್ತೂ ಹೀಗಾಗಿರಲಿಲ್ಲ. ಗುಡ್ಡ ಏನಾದ್ರೂ ಬರುತ್ತಾ?"

"ಏನೂ ಆಗಲ್ಲಕ್ಕ. 40 ವರ್ಷದಿಂದ ನೋಡ್ತಾ ಇದ್ದೀನಿ, ಈ ಗುಡ್ಡ ಅಲುಗಾಡಿಲ್ಲ" ಅಂದೆ.

ಮೊಮ್ಮಗನನ್ನು ಅವತ್ತೇ ಮಡಿಕೇರಿಯ ನೆಂಟರ ಮನೆಗೆ ಕಳಿಸಿದರು. ಸಾರ್ ಹೇಳಿದಾರೆ ಅಂತ ತಾವು ಮಾತ್ರ ಉಳಿದರು. ಮಾರನೇ ದಿನ ಗುಡ್ಡ ಬಂತು. ಕೊಟ್ಟಿಗೆ ಹೋಯಿತು, ಎರಡು ಹಸು ಹೋದವು, ಅಡುಗೆಮನೆಯ ಹಿಂದಿನ ಗೋಡೆ ಒಳಗೆ ಬಿತ್ತು. ಅಕ್ಕ ಮುಂದಿನ ಜಗಲಿಯಲ್ಲಿ ಇದ್ದರು, ಉಳಿದುಕೊಂಡರು.

ಒರತೆ ಕೆಂಪಾಯಿತು ಅಂದರೆ ಗುಡ್ಡದ ಹೊಟ್ಟೆಯೊಳಗೆ ಮಣ್ಣು ಕೊಚ್ಚಿ ಹೋಗುತ್ತಿದೆ ಅಂತ. ಮನೆ ಜಾಗ ಸಮ ಮಾಡುವಾಗ ಆ ಗುಡ್ಡದ ಬುಡ ಕಡಿದಿದ್ದರು. ನಾನೇ ನಿಂತು ನೋಡಿದ್ದೆ. ನೀರು ಕುಡಿದು ಭಾರವಾದ ಮಣ್ಣಿಗೆ ಕೆಳಗೆ ಆಸರೆ ಇರಲಿಲ್ಲ. ಇಷ್ಟೆಲ್ಲ ನನ್ನ ಕಣ್ಣೆದುರಿಗೇ ಇತ್ತು. ನನ್ನ 40 ವರ್ಷ ಅದನ್ನು ನೋಡೋಕೆ ಬಿಡಲಿಲ್ಲ. ಕಣದಲ್ಲಿ ಹುಡುಗಿ ಯೋಚಿಸದೆ ನಾಲ್ಕಡಿ ಅಂದಿದ್ದಳಲ್ಲ, ನಾನು ಹೇಳಿದ್ದೂ ಅಂಥದ್ದೇ. ಅವಳ ತಪ್ಪಿಗೆ ಹೆಚ್ಚೆಂದರೆ 8 ಹಣ್ಣು ಜಾಸ್ತಿಯಾದವು. ನನ್ನ ಮಾತನ್ನು ನಂಬಿ ಒಂದು ಜೀವ ಗುಡ್ಡದ ಬುಡದಲ್ಲಿ ಮಲಗಿತ್ತು. ಗೊತ್ತಿಲ್ಲದಿರುವುದು ತಪ್ಪಲ್ಲ. ಗೊತ್ತಿಲ್ಲ ಅಂತ ಹೇಳದೇ ಇದ್ದದ್ದು ನನ್ನ ಗುಣದ ದೋಷ. ಅಕ್ಕನ ಹತ್ತಿರ ನನಗಿಂತ ಜಾಸ್ತಿ ತಿಳುವಳಿಕೆ ಇತ್ತು, ಯಾಕೆಂದರೆ ಅವರು ಕೇಳಿದರು.

ಅದೇ ಸಂವಾದದಲ್ಲಿ ಲಾರಿಸ್ಸ ಎಂಬ ಊರಿನ ದಾರಿಯ ಮಾತು ಬರುತ್ತದೆ. ದಾರಿ ಗೊತ್ತಿರುವವನು ಊರು ಮುಟ್ಟಿಸುತ್ತಾನೆ. ಎಂದೂ ಹೋಗದೆ, ಇದೇ ದಾರಿ ಇರಬೇಕು ಅಂತ ಸರಿಯಾಗಿ ಅಂದುಕೊಂಡವನೂ ಮುಟ್ಟಿಸುತ್ತಾನೆ. ಹಾಗಾದರೆ ತಿಳುವಳಿಕೆ ಯಾಕೆ ದೊಡ್ಡದು? ಡೀಡಲಸ್ ಎಂಬ ಶಿಲ್ಪಿಯ ಮೂರ್ತಿಗಳು ಕಟ್ಟಿ ಹಾಕದಿದ್ದರೆ ಓಡಿಹೋಗುತ್ತಿದ್ದವಂತೆ. ಸರಿಯಾದ ಅಭಿಪ್ರಾಯವೂ ಹಾಗೇ, ಯಾಕೆ ಅನ್ನುವ ಹಗ್ಗದಿಂದ ಕಟ್ಟದಿದ್ದರೆ ಮನಸ್ಸಿನಲ್ಲಿ ನಿಲ್ಲುವುದಿಲ್ಲ ಅನ್ನುತ್ತಾನೆ ಸಾಕ್ರಟೀಸ್.

ನಾವು ಮಕ್ಕಳಿಗೆ ಕೊಡುವುದು ಬಹುಪಾಲು ಕಟ್ಟದ ಮೂರ್ತಿಗಳನ್ನೇ. ಸುಳ್ಳು ಹೇಳಬಾರದು ಅನ್ನುತ್ತೇವೆ. ಮಾತು ಸರಿಯಾಗಿಯೇ ಇದೆ. ಮಗು ಅದನ್ನು ಬರೆದು ತೋರಿಸಿ ಮಾರ್ಕ್ಸ್ ತಗೊಳ್ಳುತ್ತದೆ. ಸುಳ್ಳಿನಿಂದ ಲಾಭ ಆಗುವ ಮೊದಲ ದಿನ ಆ ಮಾತು ಎದ್ದು ಓಡಿಹೋಗುತ್ತದೆ. ಸುಳ್ಳು ಹೇಳಿಸಿಕೊಂಡವರ ಮನೆಯಲ್ಲಿ ಏನಾಗುತ್ತದೆ ಅಂತ ಆ ಮಗು ಒಮ್ಮೆಯೂ ನೋಡಿರುವುದಿಲ್ಲ.

ದುಡ್ಡು ಕೊಟ್ಟರೆ, ಒಳ್ಳೆ ಶಾಲೆಗೆ ಹಾಕಿದರೆ ಬರುತ್ತದಾ? ಸಲಾಮಿಸ್ ನೌಕಾಯುದ್ಧ ಗೆಲ್ಲಿಸಿದ ಥೆಮಿಸ್ಟೋಕ್ಲಿಸ್ ತನ್ನ ಮಗನಿಗೆ ಓಡುವ ಕುದುರೆಯ ಮೇಲೆ ನೆಟ್ಟಗೆ ನಿಂತು ಈಟಿ ಎಸೆಯೋಕೆ ಕಲಿಸಿದ್ದ. ಆ ಮಗ ಅಪ್ಪನ ಹಾಗೆ ಆದ ಅಂತ ಯಾರಾದರೂ ಹೇಳಿದ್ದು ಕೇಳಿದ್ದೀಯಾ ಅಂತ ಅನಿಟಸ್ ಎಂಬ ರಾಜಕಾರಣಿಯನ್ನು ಸಾಕ್ರಟೀಸ್ ಕೇಳುತ್ತಾನೆ. ಅನಿಟಸ್ ಸಿಟ್ಟಾಗಿ, ಹುಷಾರು ಅಂತ ಹೇಳಿ ಸುಮ್ಮನಾಗುತ್ತಾನೆ. ಕ್ರಿ.ಪೂ. 399ರಲ್ಲಿ ಸಾಕ್ರಟೀಸನ ಮೇಲೆ ಆಪಾದನೆ ಹೊರಿಸಿ ವಿಷ ಕುಡಿಸಿದವರಲ್ಲಿ ಈ ಅನಿಟಸ್ ಒಬ್ಬ. ಪ್ರಶ್ನೆ ಕೇಳಿಸಿಕೊಳ್ಳುವ ತಾಳ್ಮೆ ಇಲ್ಲದಿರುವುದು ಎಷ್ಟು ದೂರ ಹೋಗಬಹುದು ನೋಡಿ.

ಕೊನೆಗೆ ಸಾಕ್ರಟೀಸ್, ಒಳ್ಳೆಯತನ ದೇವರ ಕೊಡುಗೆ ಇರಬೇಕು ಅಂತ ಹೇಳಿ ಎದ್ದು ಹೋಗುತ್ತಾನೆ. ಅಷ್ಟಕ್ಕೇ ಬಿಡೋಕೆ ನನಗೆ ಮನಸ್ಸಾಗುವುದಿಲ್ಲ. ಮನೆ ಕಟ್ಟಿ ಕಟ್ಟಿಯೇ ಮನೆ ಕಟ್ಟುವವರಾಗುತ್ತೇವೆ, ನ್ಯಾಯವಾಗಿ ನಡೆದು ನಡೆದೇ ನ್ಯಾಯವಂತರಾಗುತ್ತೇವೆ ಅಂದ ಅರಿಸ್ಟಾಟಲನ ಮಾತು ನಮ್ಮ ತೋಟಕ್ಕೆ ಹತ್ತಿರ. ಕಾಫಿ ಗಿಡದ ಕಪಾತು ಕಲಿಯೋಕೆ ಪಾಠ ಸಾಲುವುದಿಲ್ಲ. ಗೊತ್ತಿರುವವರ ಪಕ್ಕ ನಿಂತು ಕತ್ತರಿ ಹಿಡಿಯಬೇಕು. ಯಾವ ರೆಂಬೆ ಬಿಡಬೇಕು, ಯಾಕೆ ಅಂತ ಗಿಡದ ಮುಂದೆಯೇ ಕೇಳಬೇಕು. ತಪ್ಪು ರೆಂಬೆ ಕಡಿದಾಗ ಕಡಿದೆ ಅಂತ ಒಪ್ಪಿಕೊಳ್ಳಬೇಕು. ಒಳ್ಳೆ ಬುದ್ಧಿಯನ್ನೂ ಹೀಗೆ ಕಲಿಯಬಹುದು, ಕಲಿಸಬಹುದು ಅಂತ ನಾನು ನಂಬುತ್ತೇನೆ. ಆದರೆ ಕಲಿಸುವವನು ತನಗೆ ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅನ್ನುವುದನ್ನು ಮಗು ತನ್ನ ಕಿವಿಯಾರೆ ಕೇಳಬೇಕು. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಲಿಸಿದ ಮೇಷ್ಟ್ರು ನಾನು.

ಈ ಪ್ರಶ್ನೆಯನ್ನು ನನಗೆ ಎಲ್ಲರಿಗಿಂತ ಜಾಸ್ತಿ ಸಲ ಕೇಳಿದವನು ಆ ಅಕ್ಕನ ಮಗ, ನನ್ನ ಹಳೆಯ ವಿದ್ಯಾರ್ಥಿ. ಅವನ ಮಗನೇ ಅವತ್ತು ಮಡಿಕೇರಿಗೆ ಹೋಗಿದ್ದ ಮೊಮ್ಮಗ. ಮುಂದಿನ ವರ್ಷ ಮುಂಗಾರು ಹಿಡಿದ ಮೊದಲ ವಾರ ಅಕ್ಕ ಆ ಹುಡುಗನ ಕೈ ಹಿಡಿದುಕೊಂಡು ಮತ್ತೆ ನಮ್ಮ ಅಂಗಳಕ್ಕೆ ಬಂದರು. "ಈ ಸಲ ಏನು ಹೇಳ್ತೀರಾ ಸಾರ್?"

"ಗೊತ್ತಿಲ್ಲಕ್ಕ. ಹೋದ ವರ್ಷವೂ ನನಗೆ ಗೊತ್ತಿರಲಿಲ್ಲ. ನಿಮಗೆ ಸುಮ್ನೆ ಹೇಳಿಬಿಟ್ಟೆ" ಅಂದೆ. ಹುಡುಗ ಅಜ್ಜಿಯ ಮುಖವನ್ನೂ ನನ್ನ ಮುಖವನ್ನೂ ನೋಡಿದ. ಅಕ್ಕ ಏನೂ ಅನ್ನಲಿಲ್ಲ. "ನಡೀರಿ, ಒರತೆ ನೋಡಿ ಬರೋಣ" ಅಂದರು.

ಜಿಗಣೆ ಕೊಡವಿಕೊಳ್ಳುತ್ತಾ ಮೂವರೂ ಹತ್ತಿದೆವು. ಹುಡುಗ ಒಂದು ಗಾಜಿನ ಲೋಟ ತಂದಿದ್ದ. ಒರತೆಗೆ ಬಗ್ಗಿ ನೀರು ತುಂಬಿಸಿ, ಮಳೆಯ ಆ ಮಂಕು ಬೆಳಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ತುಂಬಾ ಹೊತ್ತು ನೋಡಿದ. "ತಿಳಿ ಇದೆ" ಅಂದ. ಆಮೇಲೆ ಲೋಟ ಕೆಳಗಿಳಿಸಿ, "ನಾಳೆನೂ ಬಂದು ನೋಡ್ಬೇಕಲ್ವಾ ಸಾರ್?" ಅಂದ.