ಪೇತ್ರನ ಸೆರೆಮನೆಯಿಂದ ದಿನಕ್ಕೊಂದು ಪಾಠ: 17ನೇ ವಚನದವರೆಗೆ

ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 12ನೇ ಅಧ್ಯಾಯವನ್ನು ದಿನಕ್ಕೊಂದು ವಚನದಂತೆ ಕೈಯಲ್ಲಿ ಬರೆದು, ಪಕ್ಕದಲ್ಲಿ ಆ ದಿನ ಹಿಡಿದುಕೊಳ್ಳಬೇಕಾದ ಒಂದು ಪಾಠ ಬರೆಯುತ್ತಿದ್ದೇನೆ. ಒಟ್ಟು 25 ವಚನ, ಈಗ 17 ಮುಗಿದಿದೆ. ರಾಜ ಹೆರೋದ ಯೇಸುವಿನ ಶಿಷ್ಯ ಪೇತ್ರನನ್ನು ಸೆರೆಗೆ ಹಾಕಿದ್ದು, ದೇವದೂತ ಬಂದು ರಾತ್ರೋರಾತ್ರಿ ಅವನನ್ನು ಹೊರಗೆ ಕರೆದುಕೊಂಡು ಹೋಗಿದ್ದು, ಆ ಕಥೆ. ಸಂಡೇ ಸ್ಕೂಲಿಗೆ ಹೋದವರಿಗೆಲ್ಲ ಗೊತ್ತು.

ಗೊತ್ತಿರುವುದೇ ಇಲ್ಲಿ ತೊಡಕು. ಕೊನೆಗೆ ಬಿಡುಗಡೆ ಆಗುತ್ತದೆ ಅಂತ ತಿಳಿದೇ ಓದಲು ಕೂತರೆ ಯಾವ ವಚನದಿಂದಲೂ ಒಂದೇ ಪಾಠ ಬರುತ್ತದೆ: ದೇವರು ಬಿಡಿಸುತ್ತಾನೆ, ನಂಬು. ಅದು ನಿಜವೇ, ನಾನೂ ಅದನ್ನೇ ನಂಬಿ ಬದುಕುತ್ತಿರುವವಳು. ಆದರೆ 6ನೇ ವಚನದಲ್ಲಿ ಮಲಗಿದ್ದ ಪೇತ್ರನಿಗೆ 7ನೇ ವಚನ ಗೊತ್ತಿರಲಿಲ್ಲ ಅಲ್ವಾ. ನಾವು ಕೂಡ ದಿನಾ ಬೆಳಿಗ್ಗೆ ಏಳುವುದು ಮುಂದಿನ ವಚನ ಗೊತ್ತಿಲ್ಲದೆಯೇ. ಹಾಗಾಗಿ ಒಂದೇ ನಿಯಮ ಹಾಕಿಕೊಂಡಿದ್ದೇನೆ: ಆ ದಿನದ ವಚನದವರೆಗೆ ಏನಾಗಿದೆಯೋ ಅಷ್ಟರಿಂದಲೇ ಪಾಠ ತೆಗೆಯಬೇಕು. ಹಿಂದಿನ ಪುಸ್ತಕಗಳಿಗೆ ಹೋಗಬಹುದು, ಪೇತ್ರನ ಹಳೆಯ ದಿನಗಳಿಗೆ ಹೋಗಬಹುದು. ಮುಂದಿನ ವಚನದಿಂದ ಸಾಲ ತರುವ ಹಾಗಿಲ್ಲ.

ನೋಟ್‌ಬುಕ್ಕಿನ ಎಡಗಡೆ ವಚನ. ಬಲಗಡೆ ಮೂರು ಪ್ರಶ್ನೆ: ಇಲ್ಲಿ ಯಾರು ಏನು ಮಾಡಿದರು, ಯಾರಿಗೆ ಏನು ಗೊತ್ತಿರಲಿಲ್ಲ, ಇವತ್ತು ನಾನು ಏನು ಮಾಡಬೇಕು. ಎರಡನೆಯ ಪ್ರಶ್ನೆಗೇ ಜಾಸ್ತಿ ಹೊತ್ತು ಹೋಗುತ್ತದೆ, ಒಳ್ಳೆಯ ಪಾಠಗಳು ಬಂದದ್ದೂ ಅಲ್ಲಿಂದಲೇ.

ಮೊದಲ ನಾಲ್ಕು ವಚನ ಸಲೀಸಾಗಿ ದಾಟುವಂಥವಲ್ಲ. ಇಲ್ಲಿರುವ ಹೆರೋದ ಬೆತ್ಲೆಹೇಮಿನ ಮಕ್ಕಳನ್ನು ಕೊಲ್ಲಿಸಿದವನಲ್ಲ, ಅವನ ಮೊಮ್ಮಗ ಒಂದನೇ ಅಗ್ರಿಪ್ಪ. ರೋಮಿನಲ್ಲಿ ಬೆಳೆದವನು. ಕ್ರಿ.ಶ. 41ರಲ್ಲಿ ಚಕ್ರವರ್ತಿ ಕ್ಲೌದಿಯ ಇವನಿಗೆ ಯೂದಾಯವನ್ನೂ ಕೊಟ್ಟ, 44ರಲ್ಲಿ ಇವನು ಸತ್ತ. ಯೋಹಾನನ ಅಣ್ಣ ಯಾಕೋಬನನ್ನು ಇವನು ಕತ್ತಿಯಿಂದ ಕೊಲ್ಲಿಸಿದ. ಜನರಿಗೆ ಅದು ಹಿಡಿಸಿತು ಅಂತ ಕಂಡಾಗ ಪೇತ್ರನ ಮೇಲೂ ಕೈ ಹಾಕಿದ. ಬೇರೆ ಕಾರಣ ಈ ಪುಸ್ತಕ ಬರೆದ ಲೂಕ ಕೊಡುವುದಿಲ್ಲ, ಜನ ಮೆಚ್ಚಿದರು, ಅಷ್ಟೇ.

ಯಾಕೋಬನ ಸಾವಿಗೆ ಒಂದೇ ವಚನ. ಪೇತ್ರನ ಬಿಡುಗಡೆಗೆ ಅಧ್ಯಾಯದ ಅರ್ಧಕ್ಕಿಂತ ಜಾಸ್ತಿ. ಬಿಡುಗಡೆಯ ಕಥೆ ಹೇಳುವಾಗ ನಾವು ಸಾಮಾನ್ಯವಾಗಿ ಶುರು ಮಾಡುವುದು 5ನೇ ವಚನದಿಂದ, ಯಾಕೆಂದರೆ ಯಾಕೋಬ ಎದುರಾದರೆ ಕೇಳಲೇಬೇಕಾದ ಪ್ರಶ್ನೆ ಎದುರಾಗುತ್ತದೆ: ಪೇತ್ರನಿಗಾಗಿ ಬಂದ ದೂತ ಯಾಕೋಬನಿಗಾಗಿ ಯಾಕೆ ಬರಲಿಲ್ಲ? ಈ ಅಧ್ಯಾಯ ಅದಕ್ಕೆ ಉತ್ತರ ಕೊಡುವುದಿಲ್ಲ. ಯಾಕೋಬನ ನಂಬಿಕೆ ಕಡಿಮೆಯಿತ್ತು ಅಂತ ಸೂಚನೆ ಕೂಡ ಇಲ್ಲ. ಯಾಯೀರನ ಮಗಳ ಕೋಣೆಗೆ, ರೂಪಾಂತರದ ಬೆಟ್ಟಕ್ಕೆ, ಗೆತ್ಸೇಮನೆ ತೋಟದ ಒಳಕ್ಕೆ, ಎಲ್ಲ ಕಡೆಗೂ ಯೇಸು ಕರೆದುಕೊಂಡು ಹೋದ ಮೂವರಲ್ಲಿ ಒಬ್ಬ ಪೇತ್ರ, ಇನ್ನೊಬ್ಬ ಇದೇ ಯಾಕೋಬ. ನಾನು ಕುಡಿಯುವ ಪಾತ್ರೆಯಲ್ಲಿ ನೀವೂ ಕುಡಿಯುವಿರಿ (ನನ್ನ ಸಂಕಟ ನಿಮಗೂ ಬರುತ್ತದೆ ಅಂತ ಅರ್ಥ) ಅಂತ ಯೇಸು ಯಾಕೋಬನಿಗೂ ಯೋಹಾನನಿಗೂ ಮೊದಲೇ ಹೇಳಿದ್ದನು. ಆ ಪುಟದ ಬಲಗಡೆ ನಾನು ಬರೆದದ್ದು ಇಷ್ಟು: "ಬಿಡುಗಡೆ ಆದವರ ಸಾಕ್ಷಿ ಕೇಳುವ ಹೊತ್ತಿಗೆ, ಬಿಡುಗಡೆ ಆಗದವರ ಮನೆಯವರೂ ಅದೇ ಸಭೆಯಲ್ಲಿ ಕೂತಿರುತ್ತಾರೆ. ಇವತ್ತು ಅಂಥ ಒಬ್ಬರ ಹತ್ತಿರ ಹೋಗಿ ಕೂರಬೇಕು, ಕಾರಣ ವಿವರಿಸಲು ಹೋಗಬಾರದು." ಅದನ್ನು ಮಾಡಿದೆ. ಯಾರ ಮನೆಗೆ ಅಂತ ಬರೆಯುವುದು ಬೇಡ.

4ನೇ ವಚನದ ಕಾವಲು ನೋಡಿ. ನಾಲ್ಕು ನಾಲ್ಕು ಜನರ ನಾಲ್ಕು ಗುಂಪು, ಒಟ್ಟು 16 ಸಿಪಾಯಿಗಳು, ಒಬ್ಬ ಬೆಸ್ತನಿಗೆ! ರೋಮನ್ನರ ಲೆಕ್ಕದಲ್ಲಿ ರಾತ್ರಿಗೆ ನಾಲ್ಕು ಜಾವ, ಹಾಗಾಗಿ ಜಾವಕ್ಕೊಂದು ಗುಂಪು ಬದಲಾಗುತ್ತಿತ್ತು ಅಂತ ಇಟ್ಟುಕೊಳ್ಳಬಹುದು. ಇಷ್ಟು ಬಿಗಿ ಯಾಕೆ ಅನ್ನುವುದಕ್ಕೆ 5ನೇ ಅಧ್ಯಾಯ ನೋಡಬೇಕು. ಅಲ್ಲಿ ಅಪೊಸ್ತಲರನ್ನು ಸೆರೆಯಲ್ಲಿಟ್ಟಾಗ ಬೆಳಗಾಗುವಷ್ಟರಲ್ಲಿ ಬಾಗಿಲು ಭದ್ರವಾಗಿಯೇ ಇದೆ, ಕಾವಲುಗಾರರು ನಿಂತೇ ಇದ್ದಾರೆ, ಒಳಗೆ ಮಾತ್ರ ಯಾರೂ ಇಲ್ಲ.

5ನೇ ವಚನ ಸಭೆಯ ಪ್ರಾರ್ಥನೆ. ಅವರು ಏನು ಬೇಡಿದರು ಅಂತ ಲೂಕ ಬರೆದಿಲ್ಲ, ಆಸಕ್ತಿಯಿಂದ ಬೇಡಿದರು ಅಂತಷ್ಟೇ ಇದೆ. ಯಾಕೋಬನನ್ನು ಕಳೆದುಕೊಂಡ ಅದೇ ಸಭೆ. ಒಂದು ಸಲ ಸೋತ ಮೇಲೆ ಮತ್ತೆ ಮೊಣಕಾಲೂರುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೆ ಗೊತ್ತು. ನನ್ನ ಪ್ರಕಾರ ಈ ಅಧ್ಯಾಯದ ಅತಿ ದೊಡ್ಡ ನಂಬಿಕೆಯ ಕೆಲಸ ಇದೇ. ಕಬ್ಬಿಣದ ಬಾಗಿಲಿಗಿಂತ ದೊಡ್ಡದು.

6ನೇ ವಚನದಲ್ಲಿ ಪೇತ್ರ ನಿದ್ದೆ ಮಾಡುತ್ತಿದ್ದಾನೆ. ಹಬ್ಬ ಮುಗಿದರೆ ಬೆಳಿಗ್ಗೆ ಜನರ ಮುಂದೆ ಎಳೆದು ತರುತ್ತಾರೆ, ಎರಡು ಸರಪಣಿ, ಆ ಕಡೆ ಈ ಕಡೆ ಸಿಪಾಯಿಗಳು, ಆದರೂ ನಿದ್ದೆ. ದೂತ ಪಕ್ಕೆಗೆ ತಟ್ಟಿ ಎಬ್ಬಿಸಬೇಕಾಗುವಷ್ಟು ಗಾಢ ನಿದ್ದೆ ಅಂತ ಬರೆಯಲು ಹೊರಟೆ, ಆದರೆ ಅದು 7ನೇ ವಚನ, ಅವತ್ತಿಗೆ ಬಿಟ್ಟೆ. ಹಾಗಾದರೆ 6ರ ಪಾಠ ಏನು? ಹಿಂದಕ್ಕೆ ಹೋದೆ. ಯೋಹಾನ 21ರಲ್ಲಿ ಯೇಸು ಪೇತ್ರನಿಗೆ ಹೇಳುತ್ತಾನೆ: ಯೌವನದಲ್ಲಿ ನೀನೇ ನಡುಕಟ್ಟಿಕೊಂಡು ಬೇಕಾದ ಕಡೆ ತಿರುಗಾಡುತ್ತಿದ್ದೆ, ಮುದುಕನಾದಾಗ ಬೇರೊಬ್ಬನು ನಿನ್ನ ನಡುಕಟ್ಟಿ ನಿನಗೆ ಇಷ್ಟವಿಲ್ಲದ ಕಡೆ ಕರೆದುಕೊಂಡು ಹೋಗುವನು. ಅಂದರೆ ಸಾವು ಎಂಥದ್ದು ಅಂತ ಪೇತ್ರನಿಗೆ ಆಗಲೇ ತಿಳಿದಿತ್ತು. ಅದು ಈ ರಾತ್ರಿಯಲ್ಲ, ನಾನಿನ್ನೂ ಮುದುಕನಾಗಿಲ್ಲ ಅಂತ ಅವನು ಮಲಗಿರಬಹುದು. ಅಥವಾ ಈ ರಾತ್ರಿಯಾದರೂ ಸರಿ, ಕರ್ತನಿಗೆ ಗೊತ್ತಿದೆ ಅಂತ ಮಲಗಿರಬಹುದು. ಎರಡರಲ್ಲಿ ಯಾವುದೇ ಆಗಲಿ, ನಿದ್ದೆಗೆ ಬೇಕಾದದ್ದು ಬಿಡುಗಡೆಯ ಖಾತ್ರಿಯಲ್ಲ, ಕರ್ತನು ಆಡಿದ ಒಂದು ಮಾತು. ಅವತ್ತಿನ ಪಾಠ: "ಮಲಗುವ ಮುಂಚೆ ನಾಳೆಯ ಲೆಕ್ಕ ಹಾಕುವುದನ್ನು ನಿಲ್ಲಿಸಿ, ಕರ್ತನು ನನಗೆ ಆಗಲೇ ಹೇಳಿರುವ ಒಂದು ಮಾತನ್ನು ಬಾಯಿಬಿಟ್ಟು ಹೇಳಬೇಕು." ಇದು ಈಗ ಅಭ್ಯಾಸವಾಗಿಬಿಟ್ಟಿದೆ.

7, 8ನೇ ವಚನಗಳನ್ನು ಮನೆಯ ಸಂಜೆ ಪ್ರಾರ್ಥನೆಯಲ್ಲಿ ಓದಿದೆ. ದೂತ ಬರುತ್ತಾನೆ, ಕೋಣೆಯಲ್ಲಿ ಬೆಳಕು, ಬೇಗ ಏಳು ಅನ್ನುತ್ತಾನೆ, ಸರಪಣಿ ಕಳಚಿ ಬೀಳುತ್ತವೆ. ಆಮೇಲೆ ನಡುಕಟ್ಟಿಕೋ, ಕೆರ ಮೆಟ್ಟಿಕೋ, ಮೇಲಂಗಿ ಹೊದ್ದುಕೊಂಡು ನನ್ನ ಹಿಂದೆ ಬಾ ಅನ್ನುತ್ತಾನೆ. ಅಕ್ಕನ ಮಗಳು ನಡುವೆಯೇ ಕೇಳಿದಳು, "ಚಿಕ್ಕಮ್ಮ, ಸರಪಣಿ ಬಿಚ್ಚಿದವನಿಗೆ ಚಪ್ಪಲಿ ಹಾಕೋಕೆ ಬರಲ್ವಾ?" ಬರುತ್ತದೆ ಕಣೇ, ಆದರೆ ಚಪ್ಪಲಿ ಹಾಕಿಕೊಳ್ಳಲು ಪೇತ್ರನಿಗೂ ಬರುತ್ತದೆ ಅಂದೆ. ಅವಳಿಗೆ ಹೇಳಿದ್ದನ್ನೇ ನೋಟ್‌ಬುಕ್ಕಿಗೆ ಇಳಿಸಿದೆ. ಸರಪಣಿ ಪೇತ್ರನ ಕೈಯಲ್ಲಿ ಆಗದ ಕೆಲಸ, ದೇವರು ಮಾಡಿದನು. ಚಪ್ಪಲಿ ಪೇತ್ರನ ಕೈಯಲ್ಲಿ ಆಗುವ ಕೆಲಸ, ಅದನ್ನು ದೂತನೂ ಮಾಡಿಕೊಡಲಿಲ್ಲ.

ಈ ವಚನದಲ್ಲೇ ಇನ್ನೊಂದು ಸಿಕ್ಕಿತು. ಇದೆಲ್ಲ ನಡೆದದ್ದು ಹುಳಿಯಿಲ್ಲದ ರೊಟ್ಟಿಯ ಹಬ್ಬದಲ್ಲಿ, ಪಸ್ಕದ ದಿನಗಳಲ್ಲಿ. ವಿಮೋಚನಕಾಂಡ 12ರಲ್ಲಿ ಪಸ್ಕವನ್ನು ಹೇಗೆ ತಿನ್ನಬೇಕು ಅಂತ ಇದೆ: ನಡುಕಟ್ಟಿಕೊಂಡು, ಕೆರ ಮೆಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು, ಅವಸರದಿಂದ. ನಡುಕಟ್ಟು, ಕೆರ, ಅವಸರ, ರಾತ್ರಿ. ಇಸ್ರಾಯೇಲ್ಯರು ದಾಸತ್ವ ಬಿಟ್ಟು ಐಗುಪ್ತದಿಂದ ಹೊರಟ ಆ ರಾತ್ರಿಯ ನೆನಪಿಗಾಗಿ ಇಡೀ ಯೆರೂಸಲೇಮು ಹಬ್ಬ ಮಾಡುತ್ತಿದೆ, ಅದೇ ಹಬ್ಬದ ಹೊತ್ತಿನಲ್ಲಿ ಸೆರೆಮನೆಯಲ್ಲಿರುವ ಒಬ್ಬನಿಗೆ ಅದೇ ಅಪ್ಪಣೆ ಹೊಸದಾಗಿ ಬರುತ್ತದೆ. ಎರಡನ್ನೂ ಅಕ್ಕಪಕ್ಕ ಬರೆದಾಗ ಮೈ ಜುಮ್ಮೆಂದಿತು. ಹಬ್ಬ ಅಂದರೆ ಸುಮ್ನೆ ಹಿಂದೆ ನಡೆದದ್ದರ ನೆನಪಲ್ಲ, ದೇವರು ಈಗಲೂ ಅದನ್ನೇ ಮಾಡುತ್ತಾನೆ.

9ರಿಂದ 11 ಬೇಗ ಆಯಿತು. ಪೇತ್ರ ಇದನ್ನೆಲ್ಲ ಕನಸಿನಂತೆ ಒಂದು ದರ್ಶನ ಅಂದುಕೊಂಡೇ ನಡೆಯುತ್ತಾನೆ, ಮೊದಲ ಕಾವಲು, ಎರಡನೇ ಕಾವಲು, ತಾನಾಗಿ ತೆರೆದ ಕಬ್ಬಿಣದ ಬಾಗಿಲು, ಒಂದು ಬೀದಿ ದಾಟಿದ ಮೇಲೆ ದೂತ ಇಲ್ಲ. ಅರ್ಥ ಆಗುವ ಮುಂಚೆ ಕಾಲು ನಡೆದಿತ್ತು, ಪಾಠವೂ ಅಷ್ಟೇ.

12ರಿಂದ 16ಕ್ಕೆ ಬಂದಾಗ ಮತ್ತೆ ನಿಂತೆ. ಮಾರ್ಕನೆಂಬ ಯೋಹಾನನ ತಾಯಿ ಮರಿಯಳ ಮನೆ. ಪೇತ್ರ ಬಾಗಿಲು ತಟ್ಟುತ್ತಾನೆ. ರೋದೆ ಎಂಬ ಹುಡುಗಿ ಧ್ವನಿ ಗುರುತು ಹಿಡಿದು, ಸಂತೋಷದಲ್ಲಿ ಬಾಗಿಲನ್ನೇ ತೆರೆಯದೆ ಒಳಗೆ ಓಡುತ್ತಾಳೆ. ಒಳಗಿದ್ದವರು ನಿನಗೆ ಹುಚ್ಚು ಅನ್ನುತ್ತಾರೆ, ಅವಳು ಬಿಡದೆ ಹೇಳಿದಾಗ ಅವನ ದೂತನಿರಬೇಕು ಅನ್ನುತ್ತಾರೆ. ಪ್ರಸಂಗಗಳಲ್ಲಿ ಈ ಸಭೆಯನ್ನು ಬೈಯುವುದು ರೂಢಿ: ಪ್ರಾರ್ಥನೆ ಮಾಡಿದರು, ಆದರೆ ಉತ್ತರ ಬಂದಾಗ ನಂಬಲಿಲ್ಲ. ನನಗೆ ಇದು ಒಪ್ಪುವುದಿಲ್ಲ. ನಂಬಲು ಆಗದಿದ್ದರೂ ರಾತ್ರಿಯಿಡೀ ಎದ್ದು ಕೂತು ಬೇಡುತ್ತಿದ್ದರಲ್ಲ, ದೇವರು ಅದನ್ನೇ ಕೇಳಿದನು. ಮನಸ್ಸಿನಲ್ಲಿ ಎಷ್ಟು ನಂಬಿಕೆ ಇದೆ ಅಂತ ಅಳೆಯುತ್ತಾ ಕೂತರೆ ನಮ್ಮಲ್ಲಿ ಎಷ್ಟೋ ಜನ ಪ್ರಾರ್ಥನೆಯನ್ನೇ ಬಿಟ್ಟುಬಿಡುತ್ತೇವೆ.

ರೋದೆಯ ಪುಟ ನನಗೆ ತುಂಬಾ ಇಷ್ಟವಾದ ಪುಟ. ಯೇಸುವನ್ನು ಹಿಡಿದ ರಾತ್ರಿ ಮಹಾಯಾಜಕನ ಅಂಗಳದ ಬಾಗಿಲಲ್ಲೂ ಒಬ್ಬ ಹುಡುಗಿ ಇದ್ದಳು, ಬಾಗಿಲು ಕಾಯುವ ಸೇವಕಿ. ಅವಳು ಗುರುತು ಹಿಡಿದಾಗ ಪೇತ್ರ ನಾನಲ್ಲ ಅಂದ. ಆಮೇಲೆ ಅಲ್ಲಿದ್ದವರು ನಿನ್ನ ಮಾತೇ ನಿನ್ನನ್ನು ತೋರಿಸಿಕೊಡುತ್ತದೆ ಅಂದರು. ಇಲ್ಲಿ ಇನ್ನೊಂದು ಬಾಗಿಲು, ಇನ್ನೊಬ್ಬ ಹುಡುಗಿ, ಮತ್ತೆ ಅವನ ಮಾತಿನಿಂದಲೇ ಗುರುತು. ಈ ಸಲ ಅವನು ತಾನೇ ಅಂತ ಗೊತ್ತಾಗಲಿ ಎಂದು ಬಾಗಿಲು ತಟ್ಟುತ್ತಲೇ ಇದ್ದಾನೆ. ಲೂಕ ಇದನ್ನು ಬೇಕೆಂದೇ ಹೀಗೆ ಜೋಡಿಸಿದನೋ ಇಲ್ಲವೋ, ಓದುವವಳಿಗೆ ಕಾಣುತ್ತದೆ. ಹಳೆಯ ಅವಮಾನದ ಜಾಗದಂಥದ್ದೇ ಒಂದು ಜಾಗಕ್ಕೆ ದೇವರು ಮತ್ತೆ ತಂದು ನಿಲ್ಲಿಸಿದರೆ, ಅದು ಚುಚ್ಚುವುದಕ್ಕಲ್ಲ. ಅವತ್ತು ನಾನು ಮಾಡಬೇಕಾದದ್ದು: ಮನೆಯಲ್ಲಿ ಚಿಕ್ಕವರು ಒಳ್ಳೆಯ ಸುದ್ದಿ ತಂದರೆ "ಸುಮ್ನಿರು" ಅನ್ನದೆ ಎದ್ದು ಬಾಗಿಲಿಗೆ ಹೋಗಿ ನೋಡುವುದು.

17ನೇ ವಚನದಲ್ಲಿ ಪೇತ್ರ ಕೈಸನ್ನೆ ಮಾಡಿ ಸುಮ್ಮನಿರಿಸುತ್ತಾನೆ, ನಡೆದದ್ದನ್ನು ಹೇಳುತ್ತಾನೆ, ಯಾಕೋಬನಿಗೂ ಸಹೋದರರಿಗೂ ತಿಳಿಸಿ ಅನ್ನುತ್ತಾನೆ (ಇವನು ಬೇರೆ ಯಾಕೋಬ, ಕರ್ತನ ತಮ್ಮ), ಆಮೇಲೆ ಬೇರೆ ಕಡೆಗೆ ಹೊರಟುಹೋಗುತ್ತಾನೆ. 5ನೇ ಅಧ್ಯಾಯದಲ್ಲಿ ಬಿಡಿಸಿದ ದೂತ ಹೋಗಿ ದೇವಾಲಯದಲ್ಲಿ ನಿಂತು ಮಾತಾಡಿ ಅಂದಿದ್ದನು. ಇಲ್ಲಿ ಅಂಥ ಅಪ್ಪಣೆ ಇಲ್ಲ, ಪೇತ್ರ ತಲೆಮರೆಸಿಕೊಳ್ಳುತ್ತಾನೆ, ಅವನನ್ನು ಹೇಡಿ ಅಂತ ಯಾರೂ ಅನ್ನುವುದಿಲ್ಲ. ಅಪಾಯದಿಂದ ಪಾರಾದವರು ಅಪಾಯದ ಎದುರಿಗೇ ಹೋಗಿ ನಿಂತು ನಂಬಿಕೆ ತೋರಿಸಬೇಕು ಅಂತ ಒತ್ತಾಯ ಮಾಡುವವರಿಗೆ ಈ ವಚನ ತೋರಿಸಬೇಕು ಅನ್ನಿಸಿತು. ತಪ್ಪಿಸಿಕೊಂಡು ದೂರ ಹೋಗುವುದೂ ಬಿಡುಗಡೆಯ ಒಂದು ಭಾಗವೇ.

ಇನ್ನು ಉಳಿದದ್ದು 18ರಿಂದ 25. ಕೈಸರೈಯದಲ್ಲಿ ಹೆರೋದನ ಸಾವಿಗೆ ಓದಿಟ್ಟುಕೊಂಡಿದ್ದೇನೆ. ಯೆಹೂದಿ ಇತಿಹಾಸಕಾರ ಜೋಸೆಫಸ್ ಕೂಡ ಆ ಸಾವನ್ನು ಬರೆದಿದ್ದಾನೆ: ಬೆಳ್ಳಿಯ ಉಡುಪು ಬಿಸಿಲಿಗೆ ಹೊಳೆಯುತ್ತದೆ, ಹೊಗಳುಭಟರು ಅವನನ್ನು ದೇವರು ಅನ್ನುತ್ತಾರೆ, ಅವನು ಬೇಡ ಅನ್ನುವುದಿಲ್ಲ, ಹೊಟ್ಟೆನೋವು ಬಂದು ಐದು ದಿನಕ್ಕೆ ಸಾಯುತ್ತಾನೆ. ಲೂಕನ ಮಾತಿಗೆ ಇದು ತುಂಬಾ ಹತ್ತಿರ. ಆದರೆ ಆ ಪುಟ ನನಗೆ ಕಷ್ಟದ್ದಲ್ಲ.

ಕಷ್ಟದ್ದು 19. ಪೇತ್ರ ಸಿಗದಿದ್ದಾಗ ಹೆರೋದ ಕಾವಲುಗಾರರನ್ನು ವಿಚಾರಿಸಿ ಮರಣದಂಡನೆಗೆ ಕಳಿಸುತ್ತಾನೆ. ರಾತ್ರಿ ಪೇತ್ರನ ಅಕ್ಕಪಕ್ಕ ಸರಪಣಿಯಲ್ಲಿ ಕಟ್ಟಿಕೊಂಡು ಕೂತಿದ್ದವರೂ ಅವರಲ್ಲಿ ಇದ್ದಿರಬೇಕು. ತಪ್ಪಿಲ್ಲದೆ ಸತ್ತವರು. 16ನೇ ಅಧ್ಯಾಯದಲ್ಲಿ ಇದಕ್ಕೆ ಒಂದು ಉತ್ತರದಂಥದ್ದಿದೆ: ಫಿಲಿಪ್ಪಿಯ ಸೆರೆಮನೆಯಲ್ಲಿ ಭೂಕಂಪವಾಗಿ ಬಾಗಿಲು ತೆರೆದಾಗ, ಕೈದಿಗಳು ಓಡಿಹೋದರೆಂದು ಸೆರೆಯ ಅಧಿಕಾರಿ ಕತ್ತಿ ಹಿರಿದು ಸಾಯಲು ಹೊರಡುತ್ತಾನೆ, ಅಲ್ಲಿ ಕೈದಿಯಾಗಿದ್ದ ಅಪೊಸ್ತಲ ಪೌಲ ಕೂಗಿ ತಡೆಯುತ್ತಾನೆ, ನಾವೆಲ್ಲರೂ ಇಲ್ಲಿಯೇ ಇದ್ದೇವೆ ಅಂತ. ಅಲ್ಲಿ ಬಾಗಿಲು ತೆರೆದರೂ ಯಾರೂ ಹೋಗುವುದಿಲ್ಲ, ಒಬ್ಬ ಕಾವಲುಗಾರನ ಜೀವ ಉಳಿಯುತ್ತದೆ. ಆದರೆ ನನ್ನ ನಿಯಮದ ಪ್ರಕಾರ 19ರ ಪುಟಕ್ಕೆ 16ನೇ ಅಧ್ಯಾಯ ತರುವ ಹಾಗಿಲ್ಲ. ನಿಯಮ ಸಡಿಲಿಸುವುದಿಲ್ಲ. ಸದ್ಯಕ್ಕೆ ಎರಡನೇ ಪ್ರಶ್ನೆಯ ಕೆಳಗೆ ಒಂದು ಸಾಲು ಬರೆದಿಟ್ಟಿದ್ದೇನೆ: "ಬೆಳಗಾದಾಗ ತಮಗೆ ಏನು ಕಾದಿದೆ ಅಂತ ಈ ಸಿಪಾಯಿಗಳಿಗೆ ಗೊತ್ತಿರಲಿಲ್ಲ, ತನ್ನಿಂದಾಗಿ ಇವರಿಗೆ ಏನಾಗುತ್ತದೆ ಅಂತ ಪೇತ್ರನಿಗೂ ಗೊತ್ತಿರಲಿಲ್ಲ." ಮೂರನೇ ಪ್ರಶ್ನೆಯ ಜಾಗ ಇನ್ನೂ ಖಾಲಿ ಇದೆ, ಅದು ತುಂಬುವವರೆಗೆ 20ಕ್ಕೆ ಹೋಗುವುದಿಲ್ಲ. 25 ಮುಗಿದ ಮೇಲೆ ಫಿಲಿಪ್ಪಿಯ ಸೆರೆಮನೆಯನ್ನೇ ತೆಗೆದುಕೊಳ್ಳುತ್ತೇನೆ, 16ನೇ ಅಧ್ಯಾಯದ 25ರಿಂದ 34ರವರೆಗೆ, ಇದೇ ಮೂರು ಪ್ರಶ್ನೆಗಳ ಜೊತೆ.